430 ಡಾಲರ್ ಚೆಕ್ಕಿನಿಂದ ಹೊಸ ರೂಫ್‌ವರೆಗೆ: ಮನೆ ವಿಮೆಯ ಅಪ್ರೈಸಲ್‌ನಲ್ಲಿ ನನ್ನ ಅನುಭವ

ಮೇ ತಿಂಗಳ ಒಂದು ಸಂಜೆ ಆಲಿಕಲ್ಲು ಶುರುವಾಯಿತು. ನಾವಿರುವುದು ಡಾಲಸ್‌ಗೆ ಉತ್ತರದಲ್ಲಿರುವ ಪ್ಲೇನೋದಲ್ಲಿ. ಬೇಸಿಗೆಗೆ ಮುಂಚಿನ ತಿಂಗಳುಗಳಲ್ಲಿ ಇಲ್ಲಿ ಆಲಿಕಲ್ಲು ಬೀಳುವುದು ಹೊಸದೇನಲ್ಲ. ಆದರೆ ಅವತ್ತು ಹತ್ತು ನಿಮಿಷ ಮನೆಯೊಳಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸಲಿಲ್ಲ. ಮಳೆ ನಿಂತ ಮೇಲೆ ಹಿತ್ತಲಿಗೆ ಹೋದೆ. ಹುಲ್ಲಿನ ಮೇಲಿಂದ ಒಂದು ಕಲ್ಲು ಎತ್ತಿ, ಪಕ್ಕದಲ್ಲಿ ಅಳತೆ ಟೇಪು ಇಟ್ಟು ಫೋಟೋ ತೆಗೆದೆ. ಒಂದೂಮುಕ್ಕಾಲು ಇಂಚು, ಅಂದರೆ ಗಾಲ್ಫ್ ಚೆಂಡಿನಷ್ಟು. ರೂಫಿನ ನೀರು ಇಳಿಯುವ ಗಟರ್ ಪೈಪಿನ ಬಾಯಲ್ಲಿ ಕಪ್ಪು ಮರಳಿನಂಥದ್ದು ರಾಶಿ ಬಿದ್ದಿತ್ತು. ಮುಟ್ಟಿ ನೋಡಿದರೆ ಅಕ್ಕಿ ತರಿಯಂತೆ ಕೈಗೆ ಹತ್ತಿತು. ಅದು ರೂಫಿಗೆ ಹೊದಿಸುವ ಶಿಂಗಲ್ ಹಾಳೆಗಳ ಮೈಮೇಲಿನ ಕಾಳು. ಅದರ ಫೋಟೋನೂ ತೆಗೆದಿಟ್ಟೆ.

ಮನೆ ವಿಮೆಗೆ ಕ್ಲೇಮ್ ಹಾಕಿದ ಮೂರನೇ ವಾರಕ್ಕೆ ವಿಮಾ ಕಂಪನಿಯ ಅಡ್ಜಸ್ಟರ್, ಅಂದರೆ ನಷ್ಟ ಅಳೆಯುವವರು, ಬಂದರು. ಏಣಿ ಹತ್ತಿ ಇಪ್ಪತ್ತು ನಿಮಿಷ ನೋಡಿ ಇಳಿದರು. ಎರಡು ದಿನಕ್ಕೆ ಎಸ್ಟಿಮೇಟ್ ಬಂತು. ಪಶ್ಚಿಮದ ಇಳಿಜಾರಿನಲ್ಲಿ 11 ಶಿಂಗಲ್ ಬದಲಿಸಬೇಕು. ಜೊತೆಗೆ ಗಟರ್, ಕಿಟಕಿಯ ಜಾಲರಿ, ಎಸಿ ಯೂನಿಟ್ಟಿನ ರೆಕ್ಕೆಗಳು. ಎಲ್ಲ ಸೇರಿ 5,640 ಡಾಲರ್. ಅದರಲ್ಲಿ ಹಳೆಯದಾದ ಲೆಕ್ಕಕ್ಕೆ, ಅಂದರೆ ಡಿಪ್ರಿಸಿಯೇಶನ್ ಅಂತ, 1,210 ಹಿಡಿದರು. ಉಳಿದದ್ದು 4,430. ನಮ್ಮ ಮನೆಗೆ 4 ಲಕ್ಷ ಡಾಲರ್ ಕವರೇಜ್ ಇದೆ. ಗಾಳಿ, ಆಲಿಕಲ್ಲಿನ ನಷ್ಟದಲ್ಲಿ ನಾವೇ ಭರಿಸಬೇಕಾದ ಪಾಲು, ಅಂದರೆ ಡಿಡಕ್ಟಿಬಲ್, ಅದರ ಶೇಕಡಾ 1. ಅದು 4,000. ಅದನ್ನೂ ಕಳೆದು ಕೈಗೆ ಬಂದ ಚೆಕ್ 430 ಡಾಲರ್.

ಮೊದಲು ನನಗೂ ಅದು ಸರಿ ಅನ್ನಿಸಿತ್ತು. ನಾನು ಬೆಳೆದದ್ದು ತೀರ್ಥಹಳ್ಳಿ ಕಡೆಯ ಹಂಚಿನ ಮನೆಯಲ್ಲಿ. ಮಳೆಗಾಲಕ್ಕೆ ಮುಂಚೆ ಅಪ್ಪ ಮಾಡು ಹತ್ತಿ ಹಂಚು ಕೈಯಾಡಿಸುತ್ತಿದ್ದರು. ಒಡೆದ ಹಂಚು ತೆಗೆದು ಹೊಸದು ಸಿಕ್ಕಿಸಿದರೆ ಮುಗಿಯಿತು. ಒಂದು ಹಂಚು ಒಡೆದರೆ ಮಾಡನ್ನೇ ಯಾರೂ ಬದಲಿಸುವುದಿಲ್ಲ, ಅಲ್ವಾ? 11 ಒಡೆದಿದ್ದರೆ 11 ಬದಲಿಸಿದರಾಯಿತು ಅಂತ ನಾನೂ ಅಂದುಕೊಂಡೆ.

ಆ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ ಅಂತ ರೂಫಿಂಗ್ ಕಾಂಟ್ರಾಕ್ಟರ್ ಜೊತೆ ನಾನೇ ಮೇಲೆ ಹತ್ತಿದಾಗ ಗೊತ್ತಾಯಿತು. ಇಲ್ಲಿನ ಶಿಂಗಲ್ ಅಂದರೆ ಟಾರು ಬಳಿದ ಹಾಳೆ. ಪ್ರತಿ ಸಾಲಿಗೂ ಮೊಳೆ ಹೊಡೆದಿರುತ್ತಾರೆ. ಮೇಲಿನ ಸಾಲು ಕೆಳಗಿನದಕ್ಕೆ ಬಿಸಿಲಿನ ಶಾಖದಲ್ಲಿ ಅಂಟಿಕೊಂಡಿರುತ್ತದೆ. ಒಂದನ್ನು ತೆಗೆಯಬೇಕೆಂದರೆ ಅದರ ಮೇಲಿನ ಸಾಲುಗಳ ಅಂಟು ಬಿಡಿಸಿ ಎತ್ತಬೇಕು. ಅವರು ನನ್ನ ಮುಂದೆಯೇ ಒಂದನ್ನು ಮೆಲ್ಲಗೆ ಎತ್ತಿದರು. ಹಪ್ಪಳ ಮುರಿದಂತೆ ಮಡಿಕೆಯಲ್ಲೇ ಸೀಳಿತು. ಹದಿನಾಲ್ಕು ವರ್ಷದ ಟೆಕ್ಸಾಸ್ ಬಿಸಿಲು ಕುಡಿದ ಶಿಂಗಲ್ ಅದು. 11 ಬದಲಿಸಲು ಹೋದರೆ ಸುತ್ತಲಿನದ್ದೂ ಒಡೆಯುತ್ತದೆ.

ಪೆಟ್ಟನ್ನು ಗುರುತಿಸುವುದು ಹೇಗೆ ಅಂತಲೂ ಅವತ್ತೇ ಕಲಿತೆ. ಚಾಕ್‌ಪೀಸಿನಲ್ಲಿ ಹತ್ತಡಿ ಉದ್ದ, ಹತ್ತಡಿ ಅಗಲದ ಚೌಕ ಎಳೆಯುತ್ತಾರೆ. ಅದನ್ನು ಟೆಸ್ಟ್ ಸ್ಕ್ವೇರ್ ಅನ್ನುತ್ತಾರೆ. ಅದರೊಳಗಿನ ಪೆಟ್ಟುಗಳಿಗೆಲ್ಲ ಸುತ್ತು ಹಾಕಿ ಎಣಿಸುತ್ತಾರೆ. ಆಲಿಕಲ್ಲು ಬಿದ್ದ ಕಡೆ ಕಾಳು ಉದುರಿ ಕಪ್ಪು ಮಚ್ಚೆ ಕಾಣುತ್ತದೆ. ಹೆಬ್ಬೆರಳಲ್ಲಿ ಒತ್ತಿದರೆ ಪೆಟ್ಟು ಬಿದ್ದ ಮಾವಿನಹಣ್ಣಿನ ಹಾಗೆ ಮೆತ್ತಗೆ ಸಿಗುತ್ತದೆ. ಬಿಸಿಲಿಗೆ ಬೊಬ್ಬೆ ಎದ್ದು ಕಾಳು ಉದುರಿದ ಮಚ್ಚೆಗಳೂ ಇರುತ್ತವೆ. ಅವು ದೂರದಿಂದ ಒಂದೇ ಥರ ಕಾಣುತ್ತವೆ. ಅವನ್ನು ಒತ್ತಿದರೆ ಕೆಳಗೆ ಗಟ್ಟಿಯಾಗೇ ಇರುತ್ತದೆ. ಉತ್ತರದ ಇಳಿಜಾರಿನಲ್ಲಿ ಒಂದೇ ಚೌಕದಲ್ಲಿ ಒಂಬತ್ತು ಮೆತ್ತನೆ ಮಚ್ಚೆ ಸಿಕ್ಕವು. ಅಡ್ಜಸ್ಟರ್ ಅಲ್ಲಿ ಚೌಕವನ್ನೇ ಎಳೆದಿರಲಿಲ್ಲ.

ಕಾಂಟ್ರಾಕ್ಟರ್ ಎಸ್ಟಿಮೇಟ್ 21,300 ಡಾಲರ್. ಅದನ್ನು ಕಳಿಸಿ ಎರಡನೇ ಸಲ ನೋಡಲು ಕೇಳಿದೆ. ಬೇರೆ ಅಡ್ಜಸ್ಟರ್ ಬಂದರು, ಉತ್ತರ ಅದೇ ಬಂತು.

ಇಲ್ಲೊಂದು ಮಾತು. ಇದಕ್ಕೂ ಮುಂಚೆ ಬಾಗಿಲು ಬಡಿದ ಒಬ್ಬ ರೂಫರ್, 'ಡಿಡಕ್ಟಿಬಲ್ ನಾವೇ ನೋಡ್ಕೋತೀವಿ, ಕಂಪನಿ ಜೊತೆ ಮಾತೂ ನಾವೇ ಆಡ್ತೀವಿ' ಅಂದಿದ್ದರು. ಕೇಳಲು ಹಿತವಾಗಿರುತ್ತದೆ. ಆದರೆ ಎರಡೂ ಟೆಕ್ಸಾಸ್‌ನಲ್ಲಿ ಕಾನೂನಿಗೆ ವಿರುದ್ಧ. 2019ರ ಸೆಪ್ಟೆಂಬರ್‌ನಿಂದ ಡಿಡಕ್ಟಿಬಲ್ ಮನ್ನಾ ಮಾಡುತ್ತೇನೆ ಅನ್ನುವ ಹಾಗೇ ಇಲ್ಲ, ಅದನ್ನು ಮನೆಯವರೇ ಕೊಡಬೇಕು. ಇನ್ನು ಯಾರು ರೂಫ್ ಹಾಕುತ್ತಾರೋ ಅವರು ಆ ಕ್ಲೇಮಿನ ಚೌಕಾಸಿಗೆ ಕೂರುವಂತಿಲ್ಲ. ಆ ಕೆಲಸಕ್ಕೆ ಲೈಸೆನ್ಸ್ ಇರುವ ಪಬ್ಲಿಕ್ ಅಡ್ಜಸ್ಟರ್‌ಗಳಿದ್ದಾರೆ. ಅವರ ಶುಲ್ಕ ಕ್ಲೇಮ್ ಹಣದ ಶೇಕಡಾ 10 ಮೀರುವ ಹಾಗಿಲ್ಲ.

ಆ ರಾತ್ರಿ ಪಾಲಿಸಿಯನ್ನು ಮೊದಲ ಸಲ ಪೂರ್ತಿ ಓದಿದೆ. ಮನೆ ಕೊಂಡು ಆರು ವರ್ಷವಾಗಿತ್ತು. ನಷ್ಟದ ನಂತರ ಏನೇನು ಮಾಡಬೇಕು ಅನ್ನುವ ಭಾಗದಲ್ಲಿ ಅಪ್ರೈಸಲ್ ಅಂತ ಒಂದು ಪ್ಯಾರಾ ಇತ್ತು. ನಷ್ಟದ ಮೊತ್ತದ ಬಗ್ಗೆ ಒಪ್ಪಂದ ಆಗದಿದ್ದರೆ ಯಾವ ಕಡೆಯವರಾದರೂ ಬರಹದಲ್ಲಿ ಅಪ್ರೈಸಲ್ ಕೇಳಬಹುದು. 20 ದಿನದೊಳಗೆ ಇಬ್ಬರೂ ಒಬ್ಬೊಬ್ಬ ಅಪ್ರೈಸರನ್ನು ಹೆಸರಿಸಬೇಕು. ಅವರು ಕೆಲಸ ಬಲ್ಲವರಾಗಿರಬೇಕು, ಯಾರ ಹಂಗಿನಲ್ಲೂ ಇರಬಾರದು. ಅವರಿಬ್ಬರೂ ಸೇರಿ ಒಬ್ಬ ಅಂಪೈರನ್ನು ಆರಿಸಬೇಕು. 15 ದಿನದಲ್ಲಿ ಒಪ್ಪದಿದ್ದರೆ ನ್ಯಾಯಾಧೀಶರ ಬಳಿ ಹೋಗಿ ಹೆಸರು ಕೇಳಬಹುದು. ಮೂವರಲ್ಲಿ ಇಬ್ಬರು ಸಹಿ ಹಾಕಿದ ಮೊತ್ತವೇ ಕೊನೆ. ತಮ್ಮ ಅಪ್ರೈಸರ್ ಖರ್ಚು ತಮ್ಮದು, ಅಂಪೈರ್ ಖರ್ಚು ಅರ್ಧರ್ಧ. ಊರಲ್ಲಿ ಗದ್ದೆ ಬದುವಿನ ತಕರಾರಿಗೆ ಇಬ್ಬರೂ ಒಪ್ಪಿದ ಹಿರಿಯರೊಬ್ಬರನ್ನು ಕೂರಿಸಿದ ಹಾಗೇ ಇದೆ ಅನ್ನಿಸಿತು.

ಇಲ್ಲೇ ಜಾಸ್ತಿ ಜನ ಎಡವುವುದು. ಅಪ್ರೈಸಲ್ ಹೇಳುವುದು ಎಷ್ಟು ಅನ್ನುವುದನ್ನು ಮಾತ್ರ. ಪಾಲಿಸಿಯಲ್ಲಿ ಅದಕ್ಕೆ ಜಾಗ ಇದೆಯೋ ಇಲ್ಲವೋ ಅನ್ನುವುದು ಆ ಮೂವರ ಕೆಲಸ ಅಲ್ಲ. ನಮ್ಮದು ಯಾವ ಥರದ ಜಗಳ? ಆಲಿಕಲ್ಲು ಬಿದ್ದದ್ದು ನಿಜ, ಅದಕ್ಕೆ ಕವರೇಜ್ ಇರುವುದೂ ನಿಜ ಅಂತ ಕಂಪನಿಯೇ ಒಪ್ಪಿತ್ತು. 11 ಶಿಂಗಲ್ಲೋ ಇಡೀ ರೂಫೋ ಅನ್ನುವುದಷ್ಟೇ ಉಳಿದಿತ್ತು. ಇಂಥದ್ದೇ ಒಂದು ಕೇಸು ಟೆಕ್ಸಾಸ್ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2009ರಲ್ಲಿ ತೀರ್ಪಾಗಿದೆ. ಅಲ್ಲಿ ಕಂಪನಿ ರೂಫಿನ ನೆತ್ತಿಗೆ ಮಾತ್ರ ಪೆಟ್ಟು ಅಂತ 500 ಡಾಲರ್ ಒಳಗೆ ಲೆಕ್ಕ ಕೊಟ್ಟಿತ್ತು. ಮನೆಯವರ ಕಾಂಟ್ರಾಕ್ಟರ್ ಇಡೀ ರೂಫ್ ಅಂತ 13,000ಕ್ಕೂ ಹೆಚ್ಚು ಹೇಳಿದ್ದರು. ಇದು ಅಪ್ರೈಸಲ್‌ಗೆ ಬರುವ ಜಗಳವೇ ಅಲ್ಲ ಅಂತ ಕಂಪನಿ ವಾದಿಸಿತು. ಕೋರ್ಟ್ ಮೊದಲು ಅಪ್ರೈಸಲ್ ಆಗಲಿ ಅಂದಿತು. ಅದನ್ನು ಓದಿ ನನಗೆ ಧೈರ್ಯ ಬಂತು.

ಪತ್ರ ನಾನೇ ಬರೆದೆ, ಆರು ಸಾಲು. ಕ್ಲೇಮ್ ನಂಬರ್, ನಷ್ಟವಾದ ದಿನ, ಪಾಲಿಸಿಯ ಯಾವ ಪ್ಯಾರಾದ ಪ್ರಕಾರ ಕೇಳುತ್ತಿದ್ದೇನೆ, ನನ್ನ ಅಪ್ರೈಸರ್ ಹೆಸರು, ವಿಳಾಸ, ನೀವು 20 ದಿನದೊಳಗೆ ನಿಮ್ಮವರ ಹೆಸರು ತಿಳಿಸಿ. ಸಿಟ್ಟಿನ ಒಂದು ಪದವನ್ನೂ ಸೇರಿಸಲಿಲ್ಲ. ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿ ಮುಟ್ಟಿದ ರಸೀದಿ ಇಟ್ಟುಕೊಂಡೆ. 17ನೇ ದಿನ ಉತ್ತರ ಬಂತು.

ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿಕೊಂಡದ್ದು ಅಪ್ರೈಸರ್ ಆಯ್ಕೆಗೆ. ಮೂವರ ಜೊತೆ ಮಾತಾಡಿದೆ. ಒಬ್ಬರು ಫೋನಿನಲ್ಲೇ ಇಡೀ ರೂಫ್ ಕೊಡಿಸುತ್ತೇನೆ, ಬಂದ ಹಣದಲ್ಲಿ ಪಾಲು ಕೊಡಿ ಅಂದರು. ಬೇಡ ಅಂದೆ. ಮೊತ್ತ ಹೆಚ್ಚಿದಷ್ಟೂ ಪಾಲು ಹೆಚ್ಚುವವರು ಹಂಗಿಲ್ಲದವರು ಹೇಗಾಗುತ್ತಾರೆ? ಎದುರು ಕಡೆಯವರು ಅದನ್ನೇ ಹಿಡಿದು ಇಡೀ ತೀರ್ಮಾನವನ್ನು ಪ್ರಶ್ನಿಸಬಹುದು. ನಾನು ಆರಿಸಿದವರು 1,500 ಡಾಲರ್ ನಿಗದಿ ಶುಲ್ಕ ಕೇಳಿದರು. 'ನಿಮ್ಮ ರೂಫ್ ನೋಡದೆ ಏನೂ ಹೇಳಲ್ಲ, ನೋಡಿದ ಮೇಲೆ ಕಂಪನಿಯದ್ದೇ ಸರಿ ಅನ್ನಿಸಿದರೆ ಅದನ್ನೂ ಹೇಳ್ತೀನಿ' ಅಂದರು. ಆ ಮಾತಿಗೇ ಅವರನ್ನು ಒಪ್ಪಿದೆ.

ಅಕ್ಟೋಬರ್‌ನ ಒಂದು ಬೆಳಿಗ್ಗೆ ಇಬ್ಬರು ಅಪ್ರೈಸರ್‌ಗಳೂ ಒಟ್ಟಿಗೆ ಬಂದರು. ಹೊತ್ತು ಏರುವ ಮುಂಚೆ, ಓರೆ ಬಿಸಿಲಿರುವಾಗ ಮಚ್ಚೆಗಳು ಚೆನ್ನಾಗಿ ಕಾಣುತ್ತವಂತೆ. ನಾಲ್ಕೂ ಇಳಿಜಾರಿನಲ್ಲಿ ಚೌಕ ಎಳೆದರು. ನಾನು ಕೆಳಗೆ ನಿಂತು ಕೇಳಿಸಿಕೊಳ್ಳುತ್ತಿದ್ದೆ, ಮಧ್ಯೆ ಬಾಯಿ ಹಾಕಲಿಲ್ಲ. ಎರಡೂವರೆ ಗಂಟೆ ಹಿಡಿಯಿತು. ನನ್ನ ಕಡೆಯಿಂದ ಒಂದು ಫೋಲ್ಡರ್ ಕೊಟ್ಟಿದ್ದೆ. ಟೇಪಿನ ಪಕ್ಕದ ಆಲಿಕಲ್ಲು, ಗಟರ್ ಬಾಯಿಯ ಕಾಳು, ಮನೆ ಕೊಳ್ಳುವಾಗಿನ ತಪಾಸಣೆ ವರದಿಯಲ್ಲಿದ್ದ ರೂಫಿನ ಫೋಟೋ, ಆ ಸಂಜೆ ನಮ್ಮ ಸುತ್ತಮುತ್ತ ಹವಾಮಾನ ಇಲಾಖೆಗೆ ಬಂದ ಆಲಿಕಲ್ಲಿನ ವರದಿಗಳು. ಮನೆ ಕೊಂಡಾಗಿನ ಫೋಟೋ ಅತಿ ಹೆಚ್ಚು ಕೆಲಸ ಮಾಡಿತು. ಈ ಮಚ್ಚೆಗಳು ಆಗ ಇರಲಿಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಪಶ್ಚಿಮ, ಉತ್ತರ ಎರಡೂ ಪೂರ್ತಿ ಬದಲಾಗಬೇಕು ಅಂತ ಇಬ್ಬರೂ ಒಪ್ಪಿದರು. ಪೂರ್ವ ಮತ್ತು ದಕ್ಷಿಣದ ವಿಷಯದಲ್ಲಿ ಒಪ್ಪಲಿಲ್ಲ. ಹಾಗಾಗಿ ಅಂಪೈರ್ ಬಂದರು. ಅವರು ಕಾಗದ ನೋಡಿ ತೀರ್ಮಾನ ಹೇಳದೆ ತಾವೇ ಮೇಲೆ ಹತ್ತಿದರು. ಪೂರ್ವದ ಕಡೆ ಆರು ಜಾಗದಲ್ಲಿ ಶಿಂಗಲ್ ಎತ್ತಿ ನೋಡಿದರು. ನಾಲ್ಕು ಸೀಳಿದವು. ಪೆಟ್ಟು ಬಿದ್ದದ್ದನ್ನು ಬಿಡಿಬಿಡಿಯಾಗಿ ರಿಪೇರಿ ಮಾಡಲು ಆಗುವುದಿಲ್ಲ ಅಂತ ಬರೆದುಕೊಂಡರು.

ಬೇಲಿಯ ವಿಷಯದಲ್ಲಿ ಮೂವರೂ ನನ್ನ ವಿರುದ್ಧ ಹೋದರು. ಮರದ ಬೇಲಿಗೆ ಮತ್ತೆ ಬಣ್ಣ ಹೊಡೆಯಲು 1,400 ಡಾಲರ್ ಕೇಳಿದ್ದೆ. ಅಲ್ಲಿನ ಗುರುತುಗಳು ಬೂದು ಬಣ್ಣಕ್ಕೆ ತಿರುಗಿದ್ದವು. ಅಂದರೆ ಹಳೆಯವು. ನನ್ನ ಅಪ್ರೈಸರೇ ಅದನ್ನು ತೆಗೆದುಹಾಕಿದರು. ಅವರು ಅಲ್ಲಿ ನೆಟ್ಟಗೆ ಇದ್ದದ್ದರಿಂದಲೇ ರೂಫಿನ ಬಗ್ಗೆ ಅವರು ಹೇಳಿದ್ದನ್ನು ಅಂಪೈರ್ ನಂಬಿದರು ಅಂತ ನನ್ನ ನಂಬಿಕೆ.

ಡಿಸೆಂಬರ್‌ನಲ್ಲಿ ಅವಾರ್ಡ್, ಅಂದರೆ ತೀರ್ಮಾನದ ಪತ್ರ ಬಂತು, ಎರಡು ಪುಟ. ಅಂಪೈರ್ ಮತ್ತು ನನ್ನ ಅಪ್ರೈಸರ್ ಸಹಿ. ಒಟ್ಟು 18,760 ಡಾಲರ್, ಅದರಲ್ಲಿ ಡಿಪ್ರಿಸಿಯೇಶನ್ ಅಂತ ಹಿಡಿದಿಟ್ಟದ್ದು 5,900. ಅದು, ಡಿಡಕ್ಟಿಬಲ್ 4,000, ಮೊದಲೇ ಕೊಟ್ಟ 430 ಎಲ್ಲ ಕಳೆದು 8,430ರ ಚೆಕ್ ಬಂತು. ನಮಗೆ ಮನೆ ಸಾಲ ಇರುವುದರಿಂದ ಚೆಕ್ ಮೇಲೆ ಬ್ಯಾಂಕಿನ ಹೆಸರೂ ಇತ್ತು. ಅವರ ಸಹಿಗೆ ಇನ್ನೂ ಮೂರು ವಾರ ಹಿಡಿಯಿತು. ಕಾಂಟ್ರಾಕ್ಟರ್‌ಗೆ ದಿನ ಕೊಡುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಜನವರಿಯಲ್ಲಿ ರೂಫ್ ಹಾಕಿಸಿದೆವು. ಸ್ವಲ್ಪ ಕೈಯಿಂದ ಸೇರಿಸಿ ಕ್ಲಾಸ್ 4 ಶಿಂಗಲ್ ಆರಿಸಿದೆವು. ಎರಡು ಇಂಚಿನ ಉಕ್ಕಿನ ಗುಂಡನ್ನು 20 ಅಡಿ ಮೇಲಿಂದ ಬೀಳಿಸಿದರೂ ಸೀಳದ್ದಕ್ಕೆ ಮಾತ್ರ ಆ ದರ್ಜೆ ಸಿಗುತ್ತದೆ. ಕೊನೆಯ ಬಿಲ್ಲು ಮತ್ತು ಡಿಡಕ್ಟಿಬಲ್ ನಾನೇ ಕೊಟ್ಟ ಪುರಾವೆ ಕಳಿಸಿದ ಮೇಲೆ ಹಿಡಿದಿಟ್ಟಿದ್ದ 5,900 ಬಂತು. ಅಪ್ರೈಸರ್‌ಗೆ 1,500, ಅಂಪೈರ್‌ಗೆ ನನ್ನ ಪಾಲು 600, ಒಟ್ಟು 2,100 ನನ್ನ ಖರ್ಚು. ಕಂಪನಿಯ ಮೊದಲ ಲೆಕ್ಕಕ್ಕೂ ಇದಕ್ಕೂ ಇದ್ದ ಅಂತರ 13,120. ಅಂತರ ಎರಡು ಮೂರು ಸಾವಿರ ಮಾತ್ರ ಆಗಿದ್ದರೆ ನಾನು ಈ ದಾರಿ ಹಿಡಿಯುತ್ತಲೇ ಇರಲಿಲ್ಲ.

ಹೋದ ತಿಂಗಳು ಪಕ್ಕದೂರು ಫ್ರಿಸ್ಕೋದಿಂದ ಮೈಸೂರಿನ ಗೆಳೆಯರೊಬ್ಬರು ಫೋನ್ ಮಾಡಿದ್ದರು. ಅವರದ್ದು ಲೋಹದ ರೂಫ್. ತಗ್ಗು ಬಿದ್ದದ್ದು ಬರೀ ಅಂದಕ್ಕೆ ಕುಂದು, ಅದಕ್ಕೆ ಕವರೇಜ್ ಇಲ್ಲ ಅಂತ ಕಂಪನಿ ಹೇಳಿದೆ. ಅವರ ಪಾಲಿಸಿಯಲ್ಲಿ ಆ ಷರತ್ತು ಇದೆ. ನಾನೂ ಅಪ್ರೈಸಲ್ ಕೇಳಲಾ ಅಂದರು. ಬೇಡ ಅಂದೆ. ನಿಮ್ಮದು ಎಷ್ಟು ಅನ್ನುವ ಜಗಳ ಅಲ್ಲ, ಇದೆಯೋ ಇಲ್ಲವೋ ಅನ್ನುವುದು. ಸುಮ್ನೆ ಎರಡು ಸಾವಿರ ಖರ್ಚಾಗುತ್ತದೆ. ಮೊದಲು ಟೆಕ್ಸಾಸ್ ವಿಮಾ ಇಲಾಖೆಗೆ ದೂರು ಕೊಡಿ, ಅದಕ್ಕೆ ದುಡ್ಡು ಬೇಕಿಲ್ಲ. ಆಮೇಲೆ ವಕೀಲರಿಗೆ ಆ ಷರತ್ತು ತೋರಿಸಿ. ಅಷ್ಟರೊಳಗೆ ಮಳೆ ಬರುವಾಗ ಅಟ್ಟಕ್ಕೆ ಟಾರ್ಚ್ ಹಿಡಿದು ಹತ್ತಿ, ಎಲ್ಲಾದರೂ ಸೋರುತ್ತಿದೆಯಾ ನೋಡಿ. ಸೋರಿದರೆ ಅದು ಬರೀ ಅಂದದ ಮಾತಾಗಿ ಉಳಿಯುವುದಿಲ್ಲ. ದಿನಾಂಕದ ಸಮೇತ ಫೋಟೋ ತೆಗೆದಿಡಿ ಅಂದೆ. ಶನಿವಾರ ಏಣಿ ತೆಗೆದುಕೊಂಡು ನಾನೂ ಹೋಗುತ್ತಿದ್ದೇನೆ.