ನಿರ್ಧಾರ ಮೊದಲು ಬರ್ಕೊಳ್ಳಿ, ರಿಪೋರ್ಟು ಆಮೇಲೆ ತೆಗೀರಿ

ತಿಂಗಳ ರಿವ್ಯೂ ಮೀಟಿಂಗ್ ಹೇಗಿರತ್ತೆ ಅಂತ ಅದರಲ್ಲಿ ಕೂತವರಿಗೆಲ್ಲ ಗೊತ್ತು. ನಲವತ್ತು ಸ್ಲೈಡು, ಒಂದೊಂದು ಸ್ಲೈಡಲ್ಲೂ ನಾಲ್ಕು ಚಾರ್ಟು, ಏರಿರೋದಕ್ಕೆ ಹಸಿರು ಬಣ್ಣ, ಇಳಿದಿರೋದಕ್ಕೆ ಕೆಂಪು, ಎರಡು ಗಂಟೆ ಆದ್ಮೇಲೆ ಎಲ್ರೂ ಎದ್ದು ಹೋಗ್ತಾರೆ, ಬಾಗಿಲ ಹತ್ರ ನಿಲ್ಲಿಸಿ 'ಏನು ತೀರ್ಮಾನ ಆಯ್ತು' ಅಂತ ಕೇಳಿದ್ರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಮಾಹಿತಿ ಕಮ್ಮಿ ಆಗಿ ಹೀಗಾಗೋದಲ್ಲ. ಬಿಲ್ಲಿಂಗ್ ಸಾಫ್ಟ್‌ವೇರ್, ಸ್ಟಾಕ್ ರಿಜಿಸ್ಟರು, ಕಸ್ಟಮರ್ ಕಂಪ್ಲೇಂಟು, ಹಾಜರಾತಿ ಅಂತ ನಾಲ್ಕೂ ಕಡೆಯಿಂದ ಬರ್ತಾನೇ ಇರತ್ತೆ. ಇದೆಲ್ಲ ಯಾವ ನಿರ್ಧಾರಕ್ಕೆ ಬೇಕಿತ್ತು ಅನ್ನೋದನ್ನ ಯಾರೂ ಮೊದಲೇ ಕೇಳಿರಲ್ಲ, ಅಷ್ಟೇ. ರಿಪೋರ್ಟು ತಯಾರು ಮಾಡೋ ಕೆಲಸದಲ್ಲೇ ವರ್ಷಗಟ್ಲೆ ಇದ್ದು ನನಗೆ ಖಾತ್ರಿಯಾಗಿರೋದು ಇದು: ನಿರ್ಧಾರದಿಂದ ಶುರು ಮಾಡಿ ಡೇಟಾ ಕಡೆ ಹೋಗ್ಬೇಕು, ಡೇಟಾದಿಂದ ಶುರು ಮಾಡಿದ್ರೆ ನಿರ್ಧಾರ ಸಿಗೋದೇ ಇಲ್ಲ. ಅದನ್ನ ಮಾಡೋದು ಹೇಗೆ ಅಂತ ಒಂದೊಂದಾಗಿ ಹೇಳ್ತೀನಿ.

ಮೊದಲು ಒಂದೇ ಸಾಲು

ಒಂದು ಹಾಳೆ ತಗೊಂಡು ಏನು ತೀರ್ಮಾನ ಮಾಡ್ಬೇಕಾಗಿದೆ ಅಂತ ಒಂದು ಸಾಲಲ್ಲಿ ಬರೀರಿ. 'ಮಾರಾಟ ಜಾಸ್ತಿ ಮಾಡ್ಬೇಕು' ಅಂತ ಬರೆದ್ರೆ ಅದು ಆಸೆ ಆಯ್ತು. 'ಎರಡನೇ ಉತ್ಪಾದನಾ ಲೈನ್ ಈ ವರ್ಷ ಹಾಕೋದಾ, ಮುಂದಿನ ವರ್ಷಕ್ಕೆ ಬಿಡೋದಾ, ಹೊರಗಡೆ ಕೊಟ್ಟು ಮಾಡಿಸೋದಾ' ಅಂತ ಬರೆದ್ರೆ ಮಾತ್ರ ಅದು ನಿರ್ಧಾರ, ಯಾಕಂದ್ರೆ ಅಲ್ಲಿ ಆಯ್ಕೆಗಳಿವೆ. ಅದರ ಕೆಳಗೆ ಇದನ್ನ ಯಾರು ತಗೋತಾರೆ, ಯಾವ ತಾರೀಖಿನೊಳಗೆ ತಗೋಬೇಕು ಅಂತ ಹಾಕಿ. ಆಮೇಲೆ ಮುಖ್ಯವಾದ ಪ್ರಶ್ನೆ, ಇದನ್ನ ಮಾತ್ರ ಬಿಡಲೇಬೇಡಿ: ಏನು ಗೊತ್ತಾದ್ರೆ ನಮ್ಮ ಮನಸ್ಸು ಬದಲಾಗತ್ತೆ? ಈಗಿರೋ ಲೈನ್ ಮುಂದಿನ ಆರು ತಿಂಗಳು ತನ್ನ ಸಾಮರ್ಥ್ಯದ ಶೇ 85ಕ್ಕಿಂತ ಕಮ್ಮಿ ಓಡತ್ತೆ ಅಂತ ಗೊತ್ತಾದ್ರೆ ಹಾಕಲ್ಲ, ಅದಕ್ಕಿಂತ ಜಾಸ್ತಿ ಆದ್ರೆ ಹಾಕ್ತೀವಿ ಅಂತ ಅಂಕಿ ನೋಡೋಕೆ ಮುಂಚೆನೇ ಬರೆದಿಟ್ಟುಬಿಡಿ. ಅಂಕಿ ನೋಡಿದ್ಮೇಲೆ ಬರೆದ್ರೆ ಮನಸ್ಸು ತನಗೆ ಬೇಕಾದ ಕಡೆಗೇ ಗೆರೆ ಎಳ್ಕೊಳತ್ತೆ, ಇದು ಎಷ್ಟು ಬುದ್ಧಿವಂತರಿಗೂ ಆಗತ್ತೆ. ಯಾವ ಅಂಕಿ ಬಂದ್ರೂ ನಮ್ಮ ನಿರ್ಧಾರ ಬದಲಾಗಲ್ಲ ಅನ್ನೋದಾದ್ರೆ ಆ ರಿಪೋರ್ಟು ಮಾಡಿಸೋದೇ ಬೇಡ, ಮಾಡೋರ ಮೂರು ದಿನ ಉಳಿಯತ್ತೆ.

ಏನೇನು ಬೇಕು ಅಂತ ಪಟ್ಟಿ

ಇದು ಬೇಗ ಆಗೋ ಕೆಲಸ. ಒಳಗಿನ ಮಾಹಿತಿ ಅಂದ್ರೆ ಮಾರಾಟ, ಖರ್ಚು, ದಾಸ್ತಾನು, ವಸೂಲಿಗೆ ಬಾಕಿ ಇರೋದು, ವಾಪಸ್ ಬಂದ ಮಾಲು, ಕೆಲಸ ಬಿಟ್ಟು ಹೋದವರು. ಹೊರಗಿನದು ಅಂದ್ರೆ ಎದುರಾಳಿಗಳು ಏನು ಮಾಡ್ತಿದ್ದಾರೆ, ಕಾನೂನು ಏನು ಬದಲಾಗ್ತಿದೆ, ಕಚ್ಚಾ ಮಾಲಿನ ಬೆಲೆ ಎತ್ತ ಹೋಗ್ತಿದೆ, ನಮ್ಮ ವಸ್ತುವಿನ ಬದಲಿಗೆ ಜನ ಬೇರೆ ಏನು ತಗೋಬಹುದು. ದಿನದ ಕೆಲಸಕ್ಕೆ ಒಳಗಿನದು ಸಾಕಾಗಬಹುದು, ಆದ್ರೆ ಮೂರು ವರ್ಷ, ಐದು ವರ್ಷದ ಯೋಜನೆಗೆ ಹೊರಗಿನದೇ ಹೆಚ್ಚು ಬೇಕು, ದುರದೃಷ್ಟಕ್ಕೆ ಕಂಪನಿಗಳ ಸಿಸ್ಟಮ್‌ನಲ್ಲಿ ಇರೋದೆಲ್ಲ ಒಳಗಿನದೇ. ಮೊದಲು ಬರೆದ ಸಾಲಿಗೆ ಸಂಬಂಧ ಇಲ್ಲದ್ದನ್ನ ಹೊಡೆದು ಹಾಕಿ.

ಒಂದು ಪದಕ್ಕೆ ಒಂದೇ ಅರ್ಥ

ಇಲ್ಲಿ ಸ್ವಲ್ಪ ನಿಲ್ಲಿ, ಯಾಕಂದ್ರೆ ಅರ್ಧಕ್ಕರ್ಧ ಜಗಳ ಇಲ್ಲೇ ಹುಟ್ಟೋದು. 'ಈ ತಿಂಗಳು ಹೊಸ ಕಸ್ಟಮರ್ ಎಷ್ಟು' ಅಂತ ಕೇಳಿ ನೋಡಿ. ಸೇಲ್ಸ್‌ನವರು 120 ಅಂತಾರೆ, ಅವರ ಪ್ರಕಾರ ಆರ್ಡರ್‌ಗೆ ಹೂಂ ಅಂದವರೆಲ್ಲ ಕಸ್ಟಮರ್. ಅಕೌಂಟ್ಸ್‌ನವರು 95 ಅಂತಾರೆ, ಅವರಿಗೆ ಬಿಲ್ ಆದ್ರೆ ಮಾತ್ರ ಲೆಕ್ಕ. ಸರ್ವೀಸ್‌ನವರ ಹತ್ರ 70 ಇದೆ, ನಿಜವಾಗ್ಲೂ ಬಳಸೋಕೆ ಶುರು ಮಾಡಿದವರು ಅಷ್ಟೇ ಜನ. ಮೂರೂ ಸರಿ, ಯಾರೂ ಸುಳ್ಳು ಹೇಳ್ತಿಲ್ಲ, ಆದ್ರೆ ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅನ್ನೋ ಹಾಗೆ ಒಂದೇ ಮೀಟಿಂಗಲ್ಲಿ ಮೂರು ಅಂಕಿ ಇಟ್ಕೊಂಡು ಮೂರು ದಿಕ್ಕಿಗೆ ಎಳೀತಿರ್ತಾರೆ. ಹಾಗಾಗಿ ಮುಖ್ಯವಾದ ಹತ್ತು ಹನ್ನೆರಡು ಪದಗಳಿಗೆ ಒಂದು ಪುಟದ ಅರ್ಥಪಟ್ಟಿ ಮಾಡಿ, ಯಾವ ದಿನ ಲೆಕ್ಕಕ್ಕೆ ಬರತ್ತೆ, ಯಾವುದು ಬರಲ್ಲ, ಯಾವ ಸಿಸ್ಟಮ್‌ನಿಂದ ತೆಗೀಬೇಕು, ತಪ್ಪಾದ್ರೆ ಯಾರು ಸರಿ ಮಾಡ್ಬೇಕು ಅಂತ ಬರೆದು ಎಲ್ಲಾ ವಿಭಾಗದವರ ಒಪ್ಪಿಗೆ ತಗೊಳ್ಳಿ. ನೋಡಿ, ಆ 120 ಮತ್ತು 70ರ ನಡುವಿನ 50 ಇದ್ಯಲ್ಲ, ಅದೇ ದೊಡ್ಡ ಸುದ್ದಿ. ಹೂಂ ಅಂದವರು ಯಾಕೆ ಬಳಸೋ ತನಕ ಬರ್ಲಿಲ್ಲ? ಅರ್ಥ ಒಂದು ಮಾಡೋಕೆ ಕೂತಾಗಲೇ ಇಂಥದ್ದು ಕಣ್ಣಿಗೆ ಬೀಳೋದು.

ಡೀಲರ್‌ಗಳ ಮೂಲಕ ಮಾರೋ ಕಡೆ ಇದು ಇನ್ನೂ ಅಪಾಯ. ನಮ್ಮ ಗೋದಾಮಿಂದ ಡೀಲರ್‌ಗೆ ಹೋಗಿದ್ದು ಒಂದು ಮಾರಾಟ, ಡೀಲರ್‌ನಿಂದ ಅದನ್ನ ಬಳಸೋರಿಗೆ ಹೋಗಿದ್ದು ಇನ್ನೊಂದು. ಮೊದಲನೇದು ತಿಂಗಳಿಗೆ 1000, ಎರಡನೇದು 700 ಇದ್ರೆ ರಿಪೋರ್ಟ್ ಹಸಿರಾಗೇ ಇರತ್ತೆ, ಆದ್ರೆ ಪ್ರತಿ ತಿಂಗಳು 300 ಡೀಲರ್ ಹತ್ರ ಕೊಳೀತಾ ಕೂರತ್ತೆ, ಆರನೇ ತಿಂಗಳಿಗೆ ಅವರು ಆರ್ಡರ್ ಹಾಕೋದೇ ನಿಲ್ಲಿಸ್ತಾರೆ. ಆರ್ಡರ್ ಅಂಕಿ ನಂಬಿ ದೊಡ್ಡವರೂ ಪೆಟ್ಟು ತಿಂದಿದ್ದಾರೆ. ನೆಟ್‌ವರ್ಕ್ ಉಪಕರಣ ಮಾಡೋ ಸಿಸ್ಕೊ ಕಂಪನಿ 2001ರಲ್ಲಿ 200 ಕೋಟಿ ಡಾಲರ್‌ಗೂ ಮೀರಿದ ದಾಸ್ತಾನನ್ನ ನಷ್ಟ ಅಂತ ಬರೆದು ಹಾಕ್ಬೇಕಾಯ್ತು, ಮಾಲು ಬೇಗ ಸಿಗಲ್ಲ ಅಂತ ಗಿರಾಕಿಗಳು ಒಂದೇ ಅಗತ್ಯಕ್ಕೆ ಎರಡೆರಡು ಕಡೆ ಆರ್ಡರ್ ಹಾಕಿದ್ದೂ ಅದಕ್ಕೆ ಒಂದು ಕಾರಣ.

ಇಲ್ಲದೇ ಇರೋ ಅಂಕಿ ಯಾವುದು

ಶೀಟಲ್ಲಿ ಇರೋದನ್ನ ಎಲ್ರೂ ನೋಡ್ತಾರೆ, ಬಿಟ್ಟು ಹೋಗಿರೋದನ್ನ ಯಾರಾದ್ರೂ ಒಬ್ಬರು ಹುಡುಕ್ಲೇಬೇಕು. ಈ ಮಾತು ಎಷ್ಟು ಗಂಭೀರ ಅನ್ನೋದಕ್ಕೆ ವ್ಯಾಪಾರದ ಉದಾಹರಣೆಗಿಂತ ದೊಡ್ಡದು ಒಂದಿದೆ. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡಿಗೆ ಛಿದ್ರವಾಗಿ ಏಳು ಜನ ತೀರ್ಕೊಂಡ್ರು. ಹಿಂದಿನ ರಾತ್ರಿ, ಚಳಿ ಜಾಸ್ತಿ ಇದೆ, ರಾಕೆಟ್ಟಿನ ಜೋಡಣೆಯಲ್ಲಿರೋ ರಬ್ಬರ್ ಉಂಗುರಗಳು ಕೆಲಸ ಮಾಡದೇ ಹೋಗಬಹುದು ಅಂತ ಇಂಜಿನಿಯರ್‌ಗಳು ಫೋನಲ್ಲಿ ವಾದ ಮಾಡಿದ್ರು. ಆದ್ರೆ ಚಳಿಗೂ ಉಂಗುರ ಹಾಳಾಗೋದಕ್ಕೂ ಸಂಬಂಧ ಇದ್ಯಾ ಅಂತ ಆಗ ತೂಗಿ ನೋಡಿದ್ದು ಉಂಗುರಕ್ಕೆ ಹಾನಿಯಾಗಿದ್ದ ಹಾರಾಟಗಳನ್ನ ಮಾತ್ರ, ಅದರಲ್ಲಿ ಬಿಸಿಲಿನ ದಿನಾನೂ ಇತ್ತು ಚಳಿ ದಿನಾನೂ ಇತ್ತು, ಹಾಗಾಗಿ ಸಂಬಂಧ ಸ್ಪಷ್ಟವಾಗಿ ಕಾಣ್ಲಿಲ್ಲ. ಏನೂ ಆಗದೇ ವಾಪಸ್ ಬಂದಿದ್ದ ಹಾರಾಟಗಳನ್ನೂ ಸೇರಿಸಿ ತನಿಖಾ ಆಯೋಗ ಆಮೇಲೆ ಲೆಕ್ಕ ಹಾಕಿದಾಗ ಚಿತ್ರಾನೇ ಬೇರೆ: ಉಂಗುರದ ಉಷ್ಣತೆ 66 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚಿದ್ದ 20 ಹಾರಾಟಗಳಲ್ಲಿ 3ಕ್ಕೆ ಮಾತ್ರ ತೊಂದ್ರೆ, 63 ಡಿಗ್ರಿ ಅಥವಾ ಕಮ್ಮಿ ಇದ್ದ 4 ಹಾರಾಟಗಳಲ್ಲಿ ನಾಲ್ಕಕ್ಕೂ ತೊಂದ್ರೆ. ಆ ಅಂಕಿಗಳೆಲ್ಲ ಮೊದಲೇ ಇದ್ವು. ಇದನ್ನ ಓದಿದಾಗೆಲ್ಲ ನನಗೆ ಹೊಟ್ಟೇಲಿ ಸಂಕಟ ಆಗತ್ತೆ.

ನಿಮ್ಮ ಕಡೆ ಅದೇ ತಪ್ಪು ಸಣ್ಣ ರೂಪದಲ್ಲಿ ಇರತ್ತೆ. ಗ್ರಾಹಕರ ಸರ್ವೆಗೆ ಉತ್ತರ ಕೊಟ್ಟವರು ಇನ್ನೂ ನಿಮ್ಮ ಜೊತೆ ಇರೋರು, ಬಿಟ್ಟು ಹೋದವರು ಫಾರ್ಮ್ ತುಂಬಲ್ಲ. ಕೈ ತಪ್ಪಿದ ಟೆಂಡರ್‌ಗಳ ಫೈಲು ಯಾರೂ ಇಟ್ಟಿರಲ್ಲ. ಕಂಪ್ಲೇಂಟ್ ಬಂದ ಬ್ಯಾಚನ್ನ ಪರೀಕ್ಷೆ ಮಾಡ್ತೀರಿ, ಕಂಪ್ಲೇಂಟ್ ಬರದ ಬ್ಯಾಚಲ್ಲೂ ಅದೇ ದೋಷ ಇದ್ಯಾ ಅಂತ ನೋಡಿರಲ್ಲ. ಪ್ರತಿ ರಿಪೋರ್ಟಿನ ಕೊನೆಗೆ 'ಇದರಲ್ಲಿ ಸೇರಿಲ್ಲದಿರೋದು' ಅಂತ ಎರಡು ಸಾಲು ಕಡ್ಡಾಯವಾಗಿ ಬರೆಸಿ.

ಭಾಗಿಸಿ ನೋಡಿ, ಆತುರ ಬೇಡ

ಒಟ್ಟು ಮೊತ್ತ ಒಂದೇ ನೋಡಿದ್ರೆ ಏನೂ ತಿಳಿಯಲ್ಲ, ಯಾವುದೋ ಒಂದರಿಂದ ಭಾಗಿಸಿದಾಗಲೇ ಅಂಕಿ ಮಾತಾಡೋದು. ಒಂದು ಸಣ್ಣ ಲೆಕ್ಕ ನೋಡಿ. ಮೊದಲನೇ ಉತ್ಪನ್ನ ಒಂದಕ್ಕೆ 100 ಲಾಭ, ಎರಡನೇದಕ್ಕೆ 60. ಯಾವುದು ಒಳ್ಳೇದು? ಮೊದಲನೇದು ಅಂತ ಎಲ್ರೂ ಹೇಳ್ತಾರೆ. ಆದ್ರೆ ಮೊದಲನೇದಕ್ಕೆ 4 ಗಂಟೆ ಮಷೀನ್ ಬೇಕು, ಎರಡನೇದಕ್ಕೆ 1 ಗಂಟೆ ಸಾಕು, ಮಷೀನ್ ಸಮಯಾನೇ ನಮ್ಮ ಹತ್ರ ಕಮ್ಮಿ ಇರೋದು ಅಂದ್ಮೇಲೆ ಗಂಟೆಗೆ 25 ಎಲ್ಲಿ, 60 ಎಲ್ಲಿ. ಯಾವುದು ಕೊರತೆ ಇದ್ಯೋ ಅದರಿಂದ ಲಾಭವನ್ನ ಭಾಗಿಸೋದು, ಇಷ್ಟೇ ಸೂತ್ರ. ಇಂಟೆಲ್ ಕಂಪನಿ 1980ರ ದಶಕದ ಮಧ್ಯದಲ್ಲಿ ಮೆಮೊರಿ ಚಿಪ್ ಬಿಟ್ಟು ಪ್ರೊಸೆಸರ್ ಕಡೆ ತಿರುಗಿದ್ದು ದೊಡ್ಡ ಕಾರ್ಯತಂತ್ರದ ನಿರ್ಧಾರ ಅಂತ ಎಲ್ರಿಗೂ ಗೊತ್ತು, ಆದ್ರೆ ಮೇಲಿನವರು ಅದನ್ನ ಘೋಷಣೆ ಮಾಡೋಕೆ ಮುಂಚೆನೇ ಅವರ ಕಾರ್ಖಾನೆಗಳು ಆ ಕಡೆ ವಾಲಿದ್ವು, ಯಾಕಂದ್ರೆ ಒಂದು ವೇಫರ್‌ಗೆ, ಅಂದ್ರೆ ಚಿಪ್‌ಗಳನ್ನ ಮಾಡೋ ಸಿಲಿಕಾನ್ ಬಿಲ್ಲೆಗೆ, ಎಷ್ಟು ಮಾರ್ಜಿನ್ ಸಿಗತ್ತೆ ಅನ್ನೋ ಲೆಕ್ಕದ ಮೇಲೆ ಉತ್ಪಾದನೆ ಹಂಚ್ತಿದ್ರು. ಸರಿಯಾದ ಒಂದು ಭಾಗಾಕಾರಕ್ಕೆ ಅಷ್ಟು ಶಕ್ತಿ ಇದೆ.

ಹಾಗೇ ಒಂದು ತಿಂಗಳು ಇಳಿದ ತಕ್ಷಣ ಮೀಟಿಂಗ್ ಕರೀಬೇಡಿ. ಯಾವ ಕೆಲಸದಲ್ಲೂ ಸಹಜವಾದ ಏರಿಳಿತ ಇರತ್ತೆ. ಸಹಜ ಯಾವುದು, ನಿಜವಾದ ಬದಲಾವಣೆ ಯಾವುದು ಅಂತ ಬೇರೆ ಮಾಡೋಕೆ ವಾಲ್ಟರ್ ಶೆವಾರ್ಟ್ ಅನ್ನೋರು 1924ರಲ್ಲೇ ಕಂಟ್ರೋಲ್ ಚಾರ್ಟ್, ಅಂದ್ರೆ ಸಹಜ ಏರಿಳಿತದ ಮೇಲಿನ, ಕೆಳಗಿನ ಮಿತಿಗೆ ಗೆರೆ ಎಳೆದಿರೋ ಚಾರ್ಟು, ಮಾಡಿ ಕೊಟ್ಟಿದ್ದಾರೆ. ಎರಡು ವರ್ಷದ ತಿಂಗಳ ಅಂಕಿಗಳನ್ನ ಒಂದು ಗೆರೆಯಲ್ಲಿ ಹಾಕಿ ನೋಡಿದ್ರೂ ಸಾಕು, 'ಹೋದ ತಿಂಗಳಿಗಿಂತ ಶೇ 6 ಕಮ್ಮಿ' ಅನ್ನೋ ಗಾಬರಿ ಎಷ್ಟೋ ಸಲ ಅಲ್ಲೇ ಇಳಿಯತ್ತೆ.

ಎದ್ದು ಹೋಗಿ ಕೇಳಿ

ಎಷ್ಟು ಅನ್ನೋದನ್ನ ಶೀಟು ಹೇಳತ್ತೆ, ಯಾಕೆ ಅನ್ನೋದನ್ನ ಮನುಷ್ಯರೇ ಹೇಳ್ಬೇಕು. ಡೆಲಿವರಿ ತಡ ಆಗ್ತಿದೆ ಅಂತ ರಿಪೋರ್ಟ್ ಬಂದ್ರೆ ಲೋಡಿಂಗ್ ಜಾಗಕ್ಕೆ ಹೋಗಿ ಒಂದು ಬೆಳಗ್ಗೆ ನಿಲ್ಲಿ. ಕೇಳೋ ಪ್ರಶ್ನೆ ಕೂಡ ಸರಿ ಇರ್ಬೇಕು. ಕೋಕಾ ಕೋಲಾ ಕಂಪನಿ 1985ರಲ್ಲಿ ರುಚಿ ಬದಲಾಯಿಸೋಕೆ ಮುಂಚೆ ಸುಮಾರು 2 ಲಕ್ಷ ಜನರ ಹತ್ರ ರುಚಿ ಪರೀಕ್ಷೆ ಮಾಡಿಸಿತ್ತು, ಜಾಸ್ತಿ ಜನ ಹೊಸದನ್ನೇ ಮೆಚ್ಚಿದ್ರು, ಆದ್ರೂ ಏಪ್ರಿಲ್ 23ಕ್ಕೆ ಬಿಟ್ಟ ಹೊಸ ರುಚಿಗೆ ಎಷ್ಟು ವಿರೋಧ ಬಂತು ಅಂದ್ರೆ 79 ದಿನಕ್ಕೆ ಹಳೇದನ್ನ ವಾಪಸ್ ತಂದ್ರು. ಯಾವುದು ರುಚಿ ಅಂತ ಕೇಳೋದು ಒಂದು, ಹಳೇದು ಇನ್ಮುಂದೆ ಸಿಗೋದೇ ಇಲ್ಲ ಅಂದ್ರೆ ಜನಕ್ಕೆ ಹೇಗನ್ಸತ್ತೆ ಅಂತ ತಿಳ್ಕೊಳ್ಳೋದು ಇನ್ನೊಂದು. ನಿರ್ಧಾರ ನಿಂತಿದ್ದು ಎರಡನೇದರ ಮೇಲೆ.

ಮುಂದೆ ಹೀಗಾದ್ರೆ?

ನಾಳೆ ಏನಾಗತ್ತೆ ಅಂತ ಒಂದೇ ಅಂಕಿ ಹಾಕಿ ಯೋಜನೆ ಮಾಡೋದು ನನಗೆ ಸರಿ ಕಾಣಲ್ಲ. ಎರಡು ಮೂರು ಕಥೆ ಬರೀರಿ: ಬೇಡಿಕೆ ಹೀಗೇ ಇದ್ರೆ, ಕಚ್ಚಾ ಮಾಲು ಒಂದೂವರೆ ಪಟ್ಟು ಆದ್ರೆ, ದೊಡ್ಡ ಗಿರಾಕಿ ಒಬ್ಬರು ಕೈ ಬಿಟ್ರೆ. ಶೆಲ್ ಎಣ್ಣೆ ಕಂಪನಿಯಲ್ಲಿ ಪಿಯರ್ ವಾಕ್ ಅನ್ನೋರ ತಂಡ 1970ರ ದಶಕದ ಶುರುವಲ್ಲಿ ಮಾಡಿದ್ದು ಇದನ್ನೇ, ಎಣ್ಣೆ ಬೆಲೆ ಜಿಗಿಯೋ ಸನ್ನಿವೇಶವನ್ನೂ ಮ್ಯಾನೇಜರ್‌ಗಳ ಮುಂದಿಟ್ಟು ಯೋಚನೆ ಮಾಡಿಸಿದ್ರು, 1973ರ ಬಿಕ್ಕಟ್ಟು ಬಂದಾಗ ಅವರಿಗೆ ಅದು ಪೂರ್ತಿ ಹೊಸದಾಗಿರ್ಲಿಲ್ಲ. ಪ್ರತಿ ಕಥೆಯಲ್ಲೂ ನಿಮ್ಮ ಆಯ್ಕೆಗಳು ಎಷ್ಟು ತಡ್ಕೊಳ್ತವೆ ಅಂತ ನೋಡಿ, ಮೂರರಲ್ಲೂ ಮುಳುಗದೇ ಇರೋದನ್ನ ಆರಿಸೋದು ಒಂದರಲ್ಲಿ ಮಾತ್ರ ಭಾರಿ ಲಾಭ ಕೊಡೋದಕ್ಕಿಂತ ವಾಸಿ ಅಂತ ನಾನು ನಂಬ್ತೀನಿ. ತೀರ್ಮಾನಕ್ಕೆ ಸಹಿ ಬೀಳೋಕೆ ಮುಂಚೆ ಹತ್ತು ನಿಮಿಷ ಇನ್ನೊಂದು ಕೆಲಸ: 'ಒಂದು ವರ್ಷ ಆಯ್ತು, ಇದು ಪೂರ್ತಿ ಕೆಟ್ಟು ಹೋಯ್ತು ಅಂದ್ಕೊಳ್ಳಿ, ಯಾಕೆ ಕೆಟ್ಟಿತು ಅಂತ ಬರೀರಿ' ಅಂತ ಎಲ್ರಿಗೂ ಚೀಟಿ ಕೊಡಿ. ಬಾಯಿಬಿಟ್ಟು ಹೇಳೋಕೆ ಹಿಂಜರಿಯೋ ಕಿರಿಯರು ಚೀಟಿಯಲ್ಲಿ ಬರೀತಾರೆ.

ನಿರ್ಧಾರ ಆದ್ಮೇಲೆ

ಐದಾರು ಅಂಕಿ ಮಾತ್ರ ಇಟ್ಕೊಂಡು ಗಮನಿಸಿ. ಹಣದ ಅಂಕಿ ಒಂದೇ ಸಾಲಲ್ಲ, ಗ್ರಾಹಕರು, ಒಳಗಿನ ಕೆಲಸ, ಕಲಿಕೆ ಇವನ್ನೂ ಅಳೀಬೇಕು ಅಂತ ರಾಬರ್ಟ್ ಕ್ಯಾಪ್ಲನ್ ಮತ್ತು ಡೇವಿಡ್ ನಾರ್ಟನ್ ಅನ್ನೋ ಮ್ಯಾನೇಜ್‌ಮೆಂಟ್ ತಜ್ಞರು 1992ರಲ್ಲಿ ಬ್ಯಾಲೆನ್ಸ್ಡ್ ಸ್ಕೋರ್‌ಕಾರ್ಡ್ ಅಂತ ತಂದಿದ್ದು ಇದಕ್ಕೇ. ಲಾಭ ಇಳಿದಿದ್ದು ಗೊತ್ತಾಗೋ ಹೊತ್ತಿಗೆ ತಡ ಆಗಿರತ್ತೆ, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಮೊದಲೇ ಸುಳಿವು ಕೊಡೋದು ಬೇರೆ ಇವೆ, ಎರಡನೇ ಸಲ ಆರ್ಡರ್ ಹಾಕಿದವರು ಎಷ್ಟು, ಕೊಟೇಶನ್ ಕೇಳಿದವರು ಎಷ್ಟು, ಅನುಭವಿ ಕೆಲಸಗಾರರು ಎಷ್ಟು ಜನ ಬಿಟ್ರು. ಆದ್ರೆ ಒಂದು ಎಚ್ಚರಿಕೆ, ಅಳತೆಯನ್ನ ಬಹುಮಾನಕ್ಕೆ ಕಟ್ಟಿದ್ರೆ ಜನ ಅಳತೆಯನ್ನೇ ಸಾಕೋಕೆ ಶುರು ಮಾಡ್ತಾರೆ. ಕರೆ ಬೇಗ ಮುಗಿಸಿದವರಿಗೆ ಇನ್ಸೆಂಟಿವ್ ಅಂದ್ರೆ ಸಮಸ್ಯೆ ಬಗೆಹರಿಯದೇ ಇದ್ರೂ ಫೋನ್ ಇಟ್ಟುಬಿಡ್ತಾರೆ, ತಪ್ಪು ಅವರದ್ದಲ್ಲ, ಕಟ್ಟಿದವರದ್ದು.

ಕೊನೆಗೆ ಒಂದು ನೋಟ್‌ಬುಕ್ ಇಡಿ, ಎಕ್ಸೆಲ್ ಆದ್ರೂ ಪರವಾಗಿಲ್ಲ. ತಾರೀಖು, ತಗೊಂಡ ನಿರ್ಧಾರ, ಆಗ ನಮಗೆ ಗೊತ್ತಿದ್ದದ್ದು, ಗೊತ್ತಿಲ್ಲದೇ ಅಂದಾಜು ಮಾಡಿದ್ದು, ಏನಾಗತ್ತೆ ಅಂತ ಎದುರು ನೋಡಿದ್ದು, ಮತ್ತೆ ಯಾವತ್ತು ನೋಡ್ಬೇಕು, ಹೀಗೆ ಆರು ಕಾಲಂ. ಆ ಕೊನೇ ಕಾಲಂನ ತಾರೀಖನ್ನ ಅವತ್ತೇ ಎಲ್ರ ಕ್ಯಾಲೆಂಡರಿಗೆ ಹಾಕಿಬಿಡಿ, ಆ ದಿನ ಬಂದಾಗ ಹೊಸ ಸ್ಲೈಡ್ ಯಾವುದೂ ತರಬಾರದು, ಹಳೇ ಹಾಳೆ ಮತ್ತು ಈಗಿನ ಅಂಕಿ ಎರಡನ್ನೇ ಪಕ್ಕ ಪಕ್ಕ ಇಟ್ಟು ನಾಲ್ಕನೇ ಕಾಲಂನಿಂದ ಓದೋಕೆ ಶುರು ಮಾಡಿ.