ಕೆಂಪುಕಲ್ಲಿನ ಮನೆಗೆ ವೈಫೈ ಪ್ರಿಂಟರ್ ಬಂದ ಕತೆ

"ಟೀಚರೇ, ಇದು ಯಾವ ಭಾಷೆ?" ಎಂದು ಫೊಟೋಸ್ಟ್ಯಾಟ್ ಅಂಗಡಿಯ ಹುಡುಗ ಕೇಳಿದ. ನಾನು ಕೊಟ್ಟದ್ದು ಮೂರನೇ ಕ್ಲಾಸಿನ ಕನ್ನಡ ಪ್ರಶ್ನೆಪತ್ರಿಕೆ. ಅವನ ಸ್ಕ್ರೀನಿನಲ್ಲಿ ಕಂಡದ್ದು ಇಂಗ್ಲಿಷ್ ಅಕ್ಷರ, ಕೊಕ್ಕೆ, ಚುಕ್ಕೆಗಳ ಕಲಸುಮೇಲೋಗರ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲು ಅದು. ಅವನ ಕಂಪ್ಯೂಟರಿನಲ್ಲಿ ಆ ಫಾಂಟು ಇರಲಿಲ್ಲ. ತಪ್ಪು ಅವನದಲ್ಲ ಬಿಡಿ. ಆದರೆ ಮರುದಿನವೇ ಪರೀಕ್ಷೆ. ರಾತ್ರಿ ಕೂತು ಕೈಯಲ್ಲೇ ಬರೆದು, ಬೆಳಿಗ್ಗೆ ಅದೇ ಅಂಗಡಿ ತೆರೆಯುವವರೆಗೆ ಕಾದು ಕಾಪಿ ತೆಗೆಸಿದೆ. ಮನೆಗೇ ಒಂದು ಪ್ರಿಂಟರ್ ತರಬೇಕು ಎಂದು ನಿರ್ಧಾರ ಮಾಡಿದ್ದು ಆ ರಾತ್ರಿ.

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ, ಅಡಿಕೆ ತೋಟದ ನಡುವೆ. ನಾನು ಕನ್ನಡ ಮಾಧ್ಯಮದ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯಲ್ಲಿ ಟೀಚರ್. ಪೇಟೆಗೆ ಹೋಗಿ ಬರಲು ಬಸ್ಸು ನಂಬಿದರೆ ಅರ್ಧ ದಿನ ಹೋಯಿತು. ಹರತಾಳ ಇದ್ದರೆ ಅದೂ ಇಲ್ಲ.

ಅಂಗಡಿಗೆ ಹೋಗುವ ಮೊದಲು ನಾನು ಮಾಡಿದ ಕೆಲಸ ಒಂದೇ. ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ತಿಂಗಳು ಪ್ರಿಂಟು, ಕಾಪಿ, ಸ್ಕ್ಯಾನು ಎಂದು ಮೂರು ಸಾಲು ಗೀಟು ಹಾಕುತ್ತಾ ಹೋದೆ. ಪ್ರಶ್ನೆಪತ್ರಿಕೆ, ಚಟುವಟಿಕೆ ಹಾಳೆ, ಮಗಳ ಪ್ರಾಜೆಕ್ಟು, ಮಾವನ ಕೃಷಿಭವನದ ಅರ್ಜಿ, ತೆರಿಗೆ ರಶೀದಿ ಎಲ್ಲ ಸೇರಿ 230 ಪುಟ ಆಯಿತು. ಅದರಲ್ಲಿ ಬಣ್ಣದ್ದು 40 ಕೂಡ ಇರಲಿಲ್ಲ. ಈ ಒಂದು ಲೆಕ್ಕ ಕೈಯಲ್ಲಿ ಇದ್ದದ್ದರಿಂದ ಅಂಗಡಿಯವರ ಮಾತಿಗೆ ನಾನು ಮರುಳಾಗಲಿಲ್ಲ.

ಮೊದಲು ತೋರಿಸಿದ್ದು ಇಂಕಿನ ಸಣ್ಣ ಡಬ್ಬಿ ಹಾಕುವ ಕಾರ್ಟ್ರಿಜ್ ಪ್ರಿಂಟರ್. ಬೆಲೆ ಕೇಳಿದರೆ ಯಾರಿಗಾದರೂ ಆಸೆ ಆಗಬೇಕು, ಅಷ್ಟು ಕಡಿಮೆ. ಆದರೆ ಸಣ್ಣ ಕಾರ್ಟ್ರಿಜ್ ಒಂದರಲ್ಲಿ ನೂರಿನ್ನೂರು ಪುಟಕ್ಕಿಂತ ಹೆಚ್ಚು ಬರುವುದಿಲ್ಲ. ನನ್ನ ಲೆಕ್ಕಕ್ಕೆ ತಿಂಗಳಿಗೊಂದಾದರೂ ಬೇಕು. ಎರಡು ವರ್ಷದಲ್ಲಿ ಇಂಕಿಗೆ ಕೊಟ್ಟ ದುಡ್ಡಿನಲ್ಲಿ ಇನ್ನೆರಡು ಪ್ರಿಂಟರ್ ಬರುತ್ತದೆ. ತಿಂಗಳಿಗೆ ಹತ್ತು ಪುಟ ತೆಗೆಯುವವರಿಗೆ ಇದು ಆಗಬಹುದು ಅನ್ನುತ್ತಾರೆ. ಅವರಿಗೂ ಆಗದು ಎಂದೇ ನನ್ನ ಅಭಿಪ್ರಾಯ. ಹತ್ತೇ ಪುಟ ತೆಗೆಯುವ ಮನೆಯಲ್ಲಿ ಅದರ ಇಂಕು ಒಣಗಿ ಹೋಗುತ್ತದೆ.

ಲೇಸರ್ ಪ್ರಿಂಟರ್ ನನಗೆ ಬಹಳ ಹಿಡಿಸಿತ್ತು. ಅದರಲ್ಲಿ ಇರುವುದು ಪುಡಿ, ಒಣಗುವ ಪ್ರಶ್ನೆಯೇ ಇಲ್ಲ. ಅಕ್ಷರ ಕಡೆದಿಟ್ಟ ಹಾಗೆ ಬರುತ್ತದೆ, ನೀರು ಬಿದ್ದರೂ ಅಳಿಸುವುದಿಲ್ಲ. ಬೇಡ ಎಂದದ್ದು ಕರೆಂಟಿನ ಕಾರಣಕ್ಕೆ. ಆ ಪುಡಿಯನ್ನು ಕಾಗದಕ್ಕೆ ಅಂಟಿಸಲು ಒಳಗಿನ ರೋಲರ್ 200 ಡಿಗ್ರಿಯ ಹತ್ತಿರ ಬಿಸಿಯಾಗಬೇಕು. ಆ ಹೊತ್ತಿಗೆ ಇಸ್ತ್ರಿಪೆಟ್ಟಿಗೆಯ ಹಾಗೆ ನೂರಾರು ವಾಟ್ ಎಳೆಯುತ್ತದೆ. ನಮ್ಮಲ್ಲಿ ಮಳೆಗಾಲ ಎಂದರೆ ತಂತಿಯ ಮೇಲೆ ಅಡಿಕೆ ಮರ ಬೀಳುವ ಕಾಲ. ಕರೆಂಟು ಹೋದರೆ ಮನೆ ನಡೆಯುವುದು ಸಣ್ಣ ಇನ್ವರ್ಟರಿನಲ್ಲಿ. ಅದಕ್ಕೆ ಲೇಸರ್ ಹೊರೆ ಹೊರಿಸುವುದು ಸರಿಯಲ್ಲ. ಇಂಕು ಚಿಮ್ಮಿಸುವ ಇಂಕ್‌ಜೆಟ್ ಹಾಗಲ್ಲ, ಪ್ರಿಂಟ್ ಮಾಡುವಾಗಲೂ ಒಂದು ಎಲ್‌ಇಡಿ ಬಲ್ಬಿನಷ್ಟೇ ಕುಡಿಯುತ್ತದೆ.

ಹಾಗಾಗಿ ಉಳಿದದ್ದು ಬಾಟಲಿಯಿಂದ ಇಂಕು ತುಂಬಿಸುವ ಇಂಕ್ ಟ್ಯಾಂಕ್ ಪ್ರಿಂಟರ್. ಎಪ್ಸನ್, ಕ್ಯಾನನ್, ಎಚ್‌ಪಿ, ಬ್ರದರ್ ನಾಲ್ವರೂ ಈಗ ಇದನ್ನು ಮಾಡುತ್ತಾರೆ. ಒಂದು ಕಪ್ಪು ಬಾಟಲಿಯಿಂದ ನಾಲ್ಕು ಸಾವಿರ, ಆರು ಸಾವಿರ ಪುಟ ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಆ ಸಂಖ್ಯೆ ಸುಳ್ಳಲ್ಲ, ಆದರೆ ಅದು ಎಲ್ಲರಿಗೂ ಗೊತ್ತುಪಡಿಸಿದ ಪರೀಕ್ಷೆಯ ಹಾಳೆಗಳನ್ನು ಒಂದರ ಹಿಂದೆ ಒಂದು ತೆಗೆದು ಹಾಕಿದ ಲೆಕ್ಕ. ಆನೆಯ ಚಿತ್ರಕ್ಕೆ ಬಣ್ಣ ತುಂಬಿ ಎನ್ನುವ ನಮ್ಮ ಹಾಳೆಗಳಿಗೆ ಹೊಂದುವುದಿಲ್ಲ. ಅರ್ಧ ಸಿಕ್ಕಿದರೂ ಲಾಭವೇ.

ಟ್ಯಾಂಕಿನಲ್ಲೂ ನೋಡಬೇಕಾದ ಒಂದು ವಿಷಯ ಉಂಟು, ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಕಪ್ಪು ಇಂಕು ಪಿಗ್ಮೆಂಟಾ, ಡೈಯಾ? ಡೈ ಎಂದರೆ ನೀರಿನಲ್ಲಿ ಕರಗಿದ ಬಣ್ಣ. ಒದ್ದೆ ಕೈ ತಾಗಿದರೆ ಹರಡುತ್ತದೆ. ಪಿಗ್ಮೆಂಟ್ ಎಂದರೆ ನುಣ್ಣನೆಯ ಬಣ್ಣದ ಪುಡಿ ತೇಲುವ ಇಂಕು, ಒಣಗಿದ ಮೇಲೆ ಅಷ್ಟು ಸುಲಭಕ್ಕೆ ಹೋಗದು. ಕೊಡೆ ಹಿಡಿದು ಶಾಲೆಗೆ ನಡೆಯುವ ಮಕ್ಕಳ ಕೈಗೆ ಕೊಡುವ ಹಾಳೆ ಯಾವ ಇಂಕಿನದ್ದಾಗಿರಬೇಕು ಎಂದು ಬೇರೆ ಹೇಳಬೇಕಾ? ಕಪ್ಪು ಪಿಗ್ಮೆಂಟ್, ಬಣ್ಣ ಡೈ ಇರುವುದನ್ನೇ ಹುಡುಕಿ ಆರಿಸಿದೆ.

ಇನ್ನೊಂದು ಶರತ್ತು ನನ್ನ ಶಾಲೆಯಿಂದ ಬಂದದ್ದು. ಕೇರಳದ ಶಾಲೆಗಳ ಕಂಪ್ಯೂಟರ್ ಕೆಲಸ ನೋಡುವ ಸರಕಾರಿ ಸಂಸ್ಥೆ ಕೈಟ್ ಕೊಟ್ಟ ಶಾಲಾ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇಲ್ಲ. ಇರುವುದು ಉಬುಂಟುವಿನ ಮೇಲೆ ಕಟ್ಟಿದ ಲಿನಕ್ಸ್. ಪೆಟ್ಟಿಗೆಯ ಮೇಲೆ ವಿಂಡೋಸ್, ಮ್ಯಾಕ್ ಎರಡೇ ಹೆಸರು ಕಂಡು ಗಾಬರಿಯಾಯಿತು. ಆಮೇಲೆ ತಿಳಿಯಿತು, ಪೆಟ್ಟಿಗೆಯಲ್ಲಿ ಏರ್‌ಪ್ರಿಂಟ್ ಅಥವಾ ಮೋಪ್ರಿಯಾ ಗುರುತು ಇದ್ದರೆ ಈಗಿನ ಉಬುಂಟುವಿಗೆ ಬೇರೆ ಡ್ರೈವರ್ ತಂತ್ರಾಂಶ ಬೇಕಾಗಿಲ್ಲ, ಅದೇ ನೆಟ್‌ವರ್ಕಿನಲ್ಲಿ ಇದ್ದರೆ ತಾನೇ ಕಂಡುಹಿಡಿಯುತ್ತದೆ. ನನ್ನ ಮಟ್ಟಿಗೆ ಆ ಎರಡು ಸಣ್ಣ ಚಿಹ್ನೆಗಳು ಉಳಿದ ಎಲ್ಲ ಜಾಹೀರಾತಿಗಿಂತ ಮುಖ್ಯ.

ತಾನೇ ಹಾಳೆ ಎಳೆದುಕೊಂಡು ಸ್ಕ್ಯಾನ್ ಮಾಡುವ ಎಡಿಎಫ್ ಬೇಕಾ ಎಂದು ಎರಡು ದಿನ ಯೋಚಿಸಿದೆ. ಅದಿದ್ದರೆ ಬೆಲೆ ಜಾಸ್ತಿ. ಬೇಡ ಅಂದುಕೊಂಡು ಬಿಟ್ಟೆ, ಈಗ ಸ್ವಲ್ಪ ಬೇಸರ ಇದೆ. ಯಾಕೆಂದರೆ ಜಾಗದ ಹಳೆಯ ಆಧಾರಗಳು (ನೋಂದಣಿ ಪತ್ರಗಳು) ಲೀಗಲ್ ಅಳತೆಯವು, 356 ಮಿಲಿಮೀಟರ್ ಉದ್ದ. ಸ್ಕ್ಯಾನರಿನ ಗಾಜು ಎ4ಗೆ, ಅಂದರೆ 297ಕ್ಕೆ ಮುಗಿಯಿತು. ಮಾವನ ಆಧಾರ ಸ್ಕ್ಯಾನ್ ಮಾಡಲು ಪ್ರತಿ ಹಾಳೆಯನ್ನೂ ಮೇಲೊಮ್ಮೆ ಕೆಳಗೊಮ್ಮೆ ಇಟ್ಟು ತೆಗೆಯಬೇಕಾಯಿತು. ಲೀಗಲ್ ಹಾಳೆ ನುಂಗುವ ಎಡಿಎಫ್ ಇದ್ದಿದ್ದರೆ ಈ ಕಷ್ಟ ಇರುತ್ತಿರಲಿಲ್ಲ.

ಮಂಗಳೂರಿನಲ್ಲಿ ಕೊಳ್ಳುವುದಾ, ಕಾಸರಗೋಡಿನಲ್ಲಾ? ಗಡಿಯವರಿಗೆ ಇದು ಎಲ್ಲದಕ್ಕೂ ಇರುವ ಪ್ರಶ್ನೆ. ನಾನು ಬೆಲೆಗಿಂತ ಮೊದಲು ಕೇಳಿದ್ದು, ಕೆಟ್ಟರೆ ನಮ್ಮ ಪಿನ್‌ಕೋಡಿಗೆ ಮನೆಗೇ ಬಂದು ನೋಡುತ್ತಾರಾ ಎಂದು. ಕಂಪನಿಯ ಸಹಾಯವಾಣಿಗೆ ಪಿನ್‌ಕೋಡ್ ಹೇಳಿ ಹೌದು ಅನ್ನಿಸಿಕೊಂಡ ಮೇಲೆಯೇ ಕಾಸರಗೋಡಿನಲ್ಲಿ ಕೊಂಡೆ. ವಾರಂಟಿ ಒಂದು ವರ್ಷ ಅಥವಾ ಇಷ್ಟು ಸಾವಿರ ಪುಟ, ಯಾವುದು ಮೊದಲೋ ಅದು ಎಂದು ಬರೆದಿರುತ್ತದೆ, ಓದಿಕೊಳ್ಳಿ.

ಮನೆಗೆ ತಂದ ದಿನ ಇಂಕು ತುಂಬಿಸಿದ್ದು ಮಗಳು. ಕಿತ್ತಳೆ ಬಣ್ಣದ ಟೇಪುಗಳನ್ನೆಲ್ಲ ಕಿತ್ತು, ಒಳಗೆ ಇನ್ನೊಂದು ಉಳಿದಿದೆಯಾ ಎಂದು ಟಾರ್ಚ್ ಬಿಟ್ಟು ನೋಡಿದೆವು. ಉಳಿದಿತ್ತು! ಬಾಟಲಿಯ ಮೂತಿ ಆಯಾ ಬಣ್ಣದ ಟ್ಯಾಂಕಿಗೆ ಮಾತ್ರ ಕೂರುವಂತೆ ಮಾಡಿದ್ದಾರೆ, ತಪ್ಪಾಗಲು ಸಾಧ್ಯ ಇಲ್ಲ. ಮೊದಲ ಸಲ ಇಂಕನ್ನು ಪೈಪುಗಳಿಗೆಲ್ಲ ಎಳೆದುಕೊಳ್ಳಲು ಹತ್ತು ನಿಮಿಷದ ಮೇಲೆ ಬೇಕಾಯಿತು. ಗರಗರ ಎನ್ನುತ್ತಲೇ ಇತ್ತು. ಆ ಹೊತ್ತಿನಲ್ಲಿ ಕರೆಂಟು ಹೋಗಬಾರದು, ಇನ್ವರ್ಟರ್ ಲೈನಿಗೆ ಹಾಕಿಯೇ ಶುರು ಮಾಡಿದ್ದೆ. ಟ್ಯಾಂಕಿನ ಮಟ್ಟ ಇದ್ದಕ್ಕಿದ್ದಂತೆ ಇಳಿದದ್ದು ನೋಡಿ ಸೋರುತ್ತಿದೆಯೋ ಎಂದು ಇವರು ಹೆದರಿದರು. ಅದು ಪೈಪು ತುಂಬಿದ್ದು, ಒಮ್ಮೆ ಮಾತ್ರ.

ನಿಜವಾದ ಗೋಳು ಶುರುವಾದದ್ದು ವೈಫೈಗೆ ಸೇರಿಸುವಾಗ. ಮೊಬೈಲಿನ ಆ್ಯಪ್ ಪ್ರಿಂಟರನ್ನು ಹುಡುಕುತ್ತಲೇ ಇರುತ್ತದೆ, ಸಿಗುವುದಿಲ್ಲ. ಒಂದು ಸಂಜೆ ಪೂರ್ತಿ ಹೋಯಿತು. ಕಾರಣ ಎರಡಿತ್ತು.

ಮೊದಲನೆಯದು ನಮ್ಮ ರೂಟರ್. ಅದು 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್ ಎಂಬ ಎರಡು ವೈಫೈ ತರಂಗಗಳನ್ನೂ ಒಂದೇ ಹೆಸರಿನಲ್ಲಿ ಬಿಡುತ್ತಿತ್ತು. ಈ ಬೆಲೆಯ ಪ್ರಿಂಟರುಗಳಲ್ಲಿ ಹೆಚ್ಚಿನವಕ್ಕೆ 2.4 ಮಾತ್ರ ಅರ್ಥವಾಗುತ್ತದೆ. ನನ್ನ ಫೋನು 5ರಲ್ಲಿ ಕೂತು, 2.4ರ ಪ್ರಿಂಟರಿಗೆ ದಾರಿ ಹೇಳಲು ನೋಡುತ್ತಿತ್ತು. ರೂಟರಿನ ಪುಟ ತೆರೆದು ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟೆ. ಫೋನನ್ನು 2.4ಕ್ಕೆ ಸೇರಿಸಿದೆ. ವೈಫೈ ಭದ್ರತೆಯ ಕ್ರಮ ಡಬ್ಲ್ಯುಪಿಎ3 ಮಾತ್ರ ಎಂದಿತ್ತು, ಅದನ್ನು ಹಳೆಯ ಡಬ್ಲ್ಯುಪಿಎ2 ಕೂಡ ಒಪ್ಪುವ ಹಾಗೆ ಬದಲಿಸಿದೆ. ಎರಡು ನಿಮಿಷದಲ್ಲಿ ಸೇರಿಕೊಂಡಿತು. ಆಮೇಲೆ ಫೋನನ್ನು ಪುನಃ 5ಕ್ಕೆ ಹಾಕಿದರೂ ತೊಂದರೆಯಿಲ್ಲ, ಮನೆಯ ನೆಟ್‌ವರ್ಕು ಒಂದೇ ತಾನೆ. ಗೆಸ್ಟ್ ಎಂಬ ಹೆಸರಿನ ವೈಫೈಗೆ ಮಾತ್ರ ಸೇರಿಸಬೇಡಿ. ಅದರಲ್ಲಿರುವ ಸಾಧನಗಳು ಸಾಮಾನ್ಯವಾಗಿ ಮನೆಯ ಉಳಿದವುಗಳಿಗೆ ಕಾಣುವುದಿಲ್ಲ.

ಎರಡನೆಯದು ಗೋಡೆ. ನಮ್ಮದು ಹಳೆಯ ಕೆಂಪುಕಲ್ಲಿನ ಮನೆ, ಗೋಡೆ ಒಂದು ಮೊಳ ದಪ್ಪ. ಬೇಸಗೆಯಲ್ಲಿ ತಂಪು, ವೈಫೈಗೆ ಶತ್ರು. ರೂಟರ್ ಚಾವಡಿಯಲ್ಲಿ, ಪ್ರಿಂಟರನ್ನು ಇಟ್ಟದ್ದು ಎರಡು ಗೋಡೆ ದಾಟಿ ಮಗಳ ಓದುವ ಕೋಣೆಯಲ್ಲಿ. ಸಂಪರ್ಕ ಇದೆ ಎಂದು ತೋರಿಸುತ್ತದೆ, ಮೂರನೇ ಪುಟಕ್ಕೆ ನಿಲ್ಲುತ್ತದೆ. ರಿಪೀಟರ್ ತರುವ ಮಾತು ಬಂತು. ಅದರ ಬದಲು ಪ್ರಿಂಟರನ್ನೇ ಎತ್ತಿ ಚಾವಡಿಯ ಮೂಲೆಗೆ ತಂದೆ. ವೈಫೈ ಪ್ರಿಂಟರಿಗೆ ತಂತಿ ಬೇಡ ಎಂದ ಮೇಲೆ ಅದು ಓದುವ ಕೋಣೆಯಲ್ಲೇ ಯಾಕೆ ಇರಬೇಕು? ರೂಟರ್ ಇರುವಲ್ಲಿ ಪ್ರಿಂಟರ್ ಇರಲಿ, ನಾವು ಎಲ್ಲಿಂದಲಾದರೂ ಕಳಿಸೋಣ. ಇಷ್ಟು ಸರಳ ವಿಷಯ ಹೊಳೆಯಲು ಮೂರು ದಿನ ಬೇಕಾಯಿತು.

ಒಂದು ವಾರ ಚೆನ್ನಾಗಿತ್ತು. ಮತ್ತೆ ಒಂದು ದಿನ ಇವರ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಪ್ರಿಂಟರ್ ಆಫ್‌ಲೈನ್. ಫೋನಿನಿಂದ ಪ್ರಿಂಟ್ ಬರುತ್ತದೆ, ಲ್ಯಾಪ್‌ಟಾಪಿನಿಂದ ಇಲ್ಲ. ಹಿಂದಿನ ರಾತ್ರಿ ಕರೆಂಟು ಹೋಗಿ ಬಂದಿತ್ತು. ಪ್ರತಿ ಸಲ ರೂಟರ್ ಎದ್ದಾಗ ಮನೆಯ ಸಾಧನಗಳಿಗೆ ಹೊಸದಾಗಿ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನೊಳಗಿನ ಮನೆ ನಂಬರು, ಹಂಚಬಹುದು. ಪ್ರಿಂಟರಿಗೆ ಈ ಸಲ ಬೇರೆ ವಿಳಾಸ ಸಿಕ್ಕಿತ್ತು, ಲ್ಯಾಪ್‌ಟಾಪ್ ಹಳೆಯ ಬಾಗಿಲನ್ನೇ ತಟ್ಟುತ್ತಿತ್ತು. ರೂಟರಿನಲ್ಲಿ ಡಿಎಚ್‌ಸಿಪಿ ರಿಸರ್ವೇಶನ್ ಎಂಬ ಜಾಗ ಇರುತ್ತದೆ. ಪ್ರಿಂಟರಿನಿಂದ ನೆಟ್‌ವರ್ಕ್ ಸ್ಥಿತಿಯ ಹಾಳೆ ತೆಗೆದು, ಅದರಲ್ಲಿದ್ದ ಮ್ಯಾಕ್ ವಿಳಾಸವನ್ನು (ಪ್ರಿಂಟರಿನ ಬದಲಾಗದ ಗುರುತಿನ ಸಂಖ್ಯೆ) ಅಲ್ಲಿ ಬರೆದು, ಇದಕ್ಕೆ ಯಾವಾಗಲೂ ಇದೇ ಐಪಿ ಎಂದು ಕಟ್ಟಿಹಾಕಿದೆ. ವಿಂಡೋಸಿನಲ್ಲಿ ಪ್ರಿಂಟರ್ ಪ್ರಾಪರ್ಟೀಸಿನ ಪೋರ್ಟ್ಸ್ ಎಂಬಲ್ಲಿ, ಪ್ರಿಂಟರನ್ನು ತಾನೇ ಹುಡುಕಿಕೊಳ್ಳುವ ಡಬ್ಲ್ಯುಎಸ್‌ಡಿ ಪೋರ್ಟ್ ಇತ್ತು. ಅದನ್ನು ಬಿಟ್ಟು ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್ ಸೇರಿಸಿ ಆ ಐಪಿ ಕೊಟ್ಟೆ. ಅಂದಿನಿಂದ ಇವತ್ತಿನವರೆಗೆ ಆಫ್‌ಲೈನ್ ಎಂಬ ಮಾತು ಕಂಡಿಲ್ಲ. ವೈಫೈ ಪ್ರಿಂಟರ್ ಹಾಳು ಎಂದು ಬಯ್ಯುವ ನನ್ನ ಇಬ್ಬರು ಸಹೋದ್ಯೋಗಿಗಳ ಮನೆಯಲ್ಲೂ ಇದನ್ನೇ ಮಾಡಿಕೊಟ್ಟೆ, ಸರಿಯಾಯಿತು.

ಇನ್ನು ಕನ್ನಡ. ಪ್ರಿಂಟರ್ ಬಂದ ಕೂಡಲೇ ಆ ಹಳೆಯ ಪ್ರಶ್ನೆಪತ್ರಿಕೆಯನ್ನು ಫೋನಿನಿಂದ ತೆಗೆದೆ. ಅದೇ ಕೊಕ್ಕೆ, ಚುಕ್ಕೆ! ಪ್ರಿಂಟರಿಗೆ ಭಾಷೆ ಗೊತ್ತಿಲ್ಲ, ಕಳಿಸಿದ ಚಿತ್ರವನ್ನು ಇಳಿಸುವುದಷ್ಟೇ ಅದರ ಕೆಲಸ. ಹಳೆಯ ನುಡಿ ಫೈಲಿನ ಒಳಗೆ ಇರುವುದು ನಿಜಕ್ಕೂ ಇಂಗ್ಲಿಷ್ ಅಕ್ಷರಗಳ ಸಂಕೇತ, ಅದಕ್ಕೆ ಕನ್ನಡದ ವೇಷ ಹಾಕುವುದು ಫಾಂಟು. ಫಾಂಟು ಇಲ್ಲದ ಕಡೆ ವೇಷ ಕಳಚುತ್ತದೆ. ಈಗ ಹೊಸದನ್ನೆಲ್ಲ, ಕನ್ನಡ ಅಕ್ಷರಕ್ಕೇ ಸ್ವಂತ ಸಂಕೇತ ಇರುವ ಯುನಿಕೋಡಿನಲ್ಲೇ ಟೈಪ್ ಮಾಡುತ್ತೇನೆ. ಹಳೆಯದನ್ನು ಫಾಂಟು ಇರುವ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ ಇಟ್ಟಿದ್ದೇನೆ. ಪಿಡಿಎಫ್‌ನೊಳಗೆ ಫಾಂಟೂ ಸೇರಿಕೊಳ್ಳುವುದರಿಂದ ಎಲ್ಲಿ ತೆಗೆದರೂ ಒತ್ತಕ್ಷರ ಅದರ ಜಾಗದಲ್ಲೇ ಇರುತ್ತದೆ. ನಿಜ ಹೇಳಬೇಕೆಂದರೆ ಇದು ಮೊದಲೇ ಗೊತ್ತಿದ್ದರೆ ಆ ರಾತ್ರಿ ಕೈಯಲ್ಲಿ ಬರೆಯುವ ಕಷ್ಟ ಇರಲಿಲ್ಲ.

ಮಳೆ ಹಿಡಿದ ಮೇಲೆ ಬೇರೆ ಪಾಠ. ಒಮ್ಮೆಲೇ ಎರಡು ಮೂರು ಹಾಳೆ ಒಳಗೆ ಹೋಗಲು ಶುರುವಾಯಿತು. ಹಾಳೆಯ ತುದಿ ಮುದುರುತ್ತಿತ್ತು. ಪ್ರಿಂಟರ್ ಕೆಟ್ಟಿಲ್ಲ, ಕಾಗದ ತಂಪು ಹೀರಿದೆ. ಹಲಸಿನ ಹಪ್ಪಳ ಮೆತ್ತಗಾಗುವ ಹವೆಯಲ್ಲಿ ಕಾಗದ ಮಾತ್ರ ಗರಿಗರಿಯಾಗಿ ಇರುತ್ತದೆಯೇ? ಅತ್ತೆ ಹಪ್ಪಳಕ್ಕೆಂದು ಇಟ್ಟ ದೊಡ್ಡ ತಗಡಿನ ಡಬ್ಬಿಗಳಲ್ಲಿ ಒಂದನ್ನು ಕೇಳಿ ತೆಗೆದುಕೊಂಡೆ. ಕಾಗದದ ಕಟ್ಟು ಈಗ ಅದರಲ್ಲಿ. ಟ್ರೇಗೆ ಬೇಕಾದಷ್ಟೇ ಹಾಕಿ, ಉಳಿದರೆ ವಾಪಸ್ ಡಬ್ಬಿಗೆ. 70 ಜಿಎಸ್‌ಎಮ್ ಕಾಗದದ ಬದಲು ಸ್ವಲ್ಪ ದಪ್ಪದ 75 ತಂದ ಮೇಲೆ ಇನ್ನೂ ವಾಸಿ. ಪ್ರಿಂಟರಿನ ಮೇಲೆ ಒಂದು ಬಟ್ಟೆ ಕೂಡ ಬೇಕು. ಕುಂಬಾರ ಹುಳು ಯುಎಸ್‌ಬಿ ತೂತಿನಲ್ಲಿ ಮಣ್ಣು ಮೆತ್ತಿದ್ದು ನೋಡಿದ ಮೇಲೆ ಹಾಕಿದ್ದು.

ದೊಡ್ಡ ಪೆಟ್ಟು ಬಿದ್ದದ್ದು ಅಕ್ಟೋಬರಿನಲ್ಲಿ. ಸಂಜೆಯ ಗುಡುಗು ಶುರುವಾದ ಕೂಡಲೇ ಅತ್ತೆ ಗೋಡೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ, ಪ್ಲಗ್ ಕಿತ್ತು ಇಡುತ್ತಾರೆ. ಅವರ ಕ್ರಮ ತಪ್ಪಲ್ಲ. ಫೈಬರಿನ ಗಾಜಿನ ಎಳೆಯಲ್ಲಿ ಕರೆಂಟು ಹರಿಯದಿದ್ದರೂ ಅಡಾಪ್ಟರಿನ ದಾರಿಯಲ್ಲಿ ಸಿಡಿಲು ರೂಟರಿಗೆ ಬರಬಹುದು. ಆದರೆ ಪ್ರಿಂಟ್ ಆಗುತ್ತಿರುವಾಗಲೇ ಗೋಡೆಯ ಸ್ವಿಚ್ ಆರಿಸಿದರೆ ಇಂಕು ಚಿಮ್ಮುವ ಹೆಡ್ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಪ್ರಿಂಟರಿನ ಬಟನ್ ಒತ್ತಿ ಆರಿಸಿದರೆ ಅದು ಬಲಬದಿಯ ತನ್ನ ಗೂಡಿಗೆ ಹೋಗಿ ರಬ್ಬರ್ ಮುಚ್ಚಳ ಹಾಕಿಕೊಳ್ಳುತ್ತದೆ. ಅಂದು ಹಾಗೆ ನಿಂತದ್ದನ್ನು ಯಾರೂ ನೋಡಲಿಲ್ಲ. ಪೂಜೆಯ ರಜೆ, ನೆಂಟರ ಮನೆ ಎಂದು ಒಂಬತ್ತು ದಿನ ಪ್ರಿಂಟರ್ ಹಾಗೇ ಇತ್ತು. ಬಂದು ನೋಡಿದರೆ ಹಳದಿ ಪೂರ್ತಿ ಮಾಯ, ಕಪ್ಪಿನಲ್ಲಿ ಬಿಳಿ ಗೆರೆ.

ಇಂಕಿನ ತೂತುಗಳನ್ನು ಪರೀಕ್ಷಿಸುವ ನಾಜಲ್ ಚೆಕ್ ಹಾಳೆ ತೆಗೆದೆ, ಹೆಡ್ ಕ್ಲೀನಿಂಗ್ ಎರಡು ಸಲ ಕೊಟ್ಟೆ. ಮೂರನೆಯದಕ್ಕೆ ಕೈ ಹೋಗಿತ್ತು, ತಡೆದುಕೊಂಡೆ. ಪ್ರತಿ ಕ್ಲೀನಿಂಗಿನಲ್ಲೂ ಇಂಕು ಖರ್ಚಾಗಿ ಕೆಳಗಿನ ಸ್ಪಂಜಿನಂಥ ಪ್ಯಾಡಿಗೆ ಹೋಗುತ್ತದೆ. ಆ ಪ್ಯಾಡ್ ತುಂಬಿದರೆ ಪ್ರಿಂಟರ್ ಕೆಲಸ ನಿಲ್ಲಿಸುತ್ತದೆ. ಬಟನ್ ಒತ್ತಿ ಆರಿಸಿ ಒಂದು ರಾತ್ರಿ ಬಿಟ್ಟೆ. ಒಣಗಿದ ಇಂಕು ಮೆತ್ತಗಾಗಲು ಹೊತ್ತು ಬೇಕಲ್ವಾ. ಬೆಳಿಗ್ಗೆ ಇನ್ನೊಂದು ಕ್ಲೀನಿಂಗಿಗೆ ಹಳದಿ ಬಂತು. ಈಗ ಪ್ರತಿ ಭಾನುವಾರ ಮಗಳು ಬಣ್ಣದ ಒಂದು ಪುಟ ತೆಗೆಯುತ್ತಾಳೆ. ಹೂವೋ ಹಕ್ಕಿಯೋ, ಅವಳಿಗೆ ಬಿಟ್ಟದ್ದು.

ಅತ್ತೆಯ ಹತ್ತಿರ ಹೇಗೆ ಹೇಳುವುದು ಎಂದು ಯೋಚಿಸಿ, ದೊಡ್ಡ ಅಕ್ಷರದಲ್ಲಿ ಒಂದು ಚೀಟಿ ಪ್ರಿಂಟ್ ಮಾಡಿ ಸ್ವಿಚ್ ಬೋರ್ಡಿನ ಪಕ್ಕ ಅಂಟಿಸಿದೆ. "ಮೊದಲು ಬಟನ್, ದೀಪ ಆರಿದ ಮೇಲೆ ಸ್ವಿಚ್." ಅವರು ಕನ್ನಡಕ ಹಾಕಿ ಓದಿ, "ಅಕ್ಷರ ಒಳ್ಳೆದು ಬಂದಿದೆ" ಎಂದರು. ಈಗ ಗುಡುಗು ಕೇಳಿದರೆ ಮೊದಲು ಪ್ರಿಂಟರಿನ ಹತ್ತಿರ ಹೋಗಿ ನಿಲ್ಲುವುದು ಅವರೇ.