ಸಣ್ಣ ವ್ಯಾಪಾರಕ್ಕೆ ಕ್ರೆಡಿಟ್ ಕಾರ್ಡ್ ಪಾವತಿಯ ವ್ಯವಸ್ಥೆ ಮಾಡಿಕೊಳ್ಳುವುದು ಹೇಗೆ?

ಕಾರ್ಡ್ ಯಂತ್ರದ ಪರದೆಯಲ್ಲಿ ‘ಅಪ್ರೂವ್ಡ್’ ಎಂದು ಕಂಡ ಮಾತ್ರಕ್ಕೆ ಹಣ ಕೈಸೇರಿತೆಂದು ತಿಳಿಯಬಾರದು. ಗ್ರಾಹಕರಿಗೆ ಕಾರ್ಡ್ ಕೊಟ್ಟ ಬ್ಯಾಂಕು ಆ ಮೊತ್ತಕ್ಕೆ ಒಪ್ಪಿಗೆ ನೀಡಿದೆ ಎಂದಷ್ಟೇ ಅದರ ಅರ್ಥ. ದಿನದ ವಹಿವಾಟು ಸೆಟಲ್‌ಮೆಂಟ್‌ಗೆ, ಅಂದರೆ ಬ್ಯಾಂಕುಗಳ ನಡುವೆ ಲೆಕ್ಕ ಚುಕ್ತಾ ಆಗಲು, ಹೋದ ಮೇಲೆ ಹಣವು ವೀಸಾ, ಮಾಸ್ಟರ್‌ಕಾರ್ಡ್‌ನಂಥ ಜಾಲದ ಮೂಲಕ ನಿಮ್ಮ ಪರವಾಗಿ ಪಾವತಿ ಸ್ವೀಕರಿಸುವ ಬ್ಯಾಂಕಿಗೆ ಬಂದು, ಶುಲ್ಕ ಕಳೆದು, ಸಾಮಾನ್ಯವಾಗಿ ಒಂದೆರಡು ಕೆಲಸದ ದಿನಗಳಲ್ಲಿ ನಿಮ್ಮ ಖಾತೆಗೆ ಜಮೆಯಾಗುತ್ತದೆ. ಈ ದಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ತೀರ್ಮಾನಗಳನ್ನು ಕೈಗೊಳ್ಳಬೇಕು.

ಮೊದಲನೆಯ ತೀರ್ಮಾನ, ಬ್ಯಾಂಕಿನಿಂದ ನೇರವಾಗಿ ಮರ್ಚೆಂಟ್ ಖಾತೆ (ಕಾರ್ಡ್ ಪಾವತಿ ಸ್ವೀಕರಿಸಲು ವ್ಯಾಪಾರಿಗೆ ಕೊಡುವ ಖಾತೆ) ಪಡೆಯುವುದೋ ಅಥವಾ ಅನೇಕ ವ್ಯಾಪಾರಿಗಳನ್ನು ಒಂದೇ ಖಾತೆಯಡಿ ಸೇರಿಸಿಕೊಳ್ಳುವ ಪಾವತಿ ಸೇವಾ ಸಂಸ್ಥೆಯನ್ನು ಸೇರುವುದೋ ಎಂಬುದು. ಎರಡನೆಯದರಲ್ಲಿ ಕಾಗದಪತ್ರದ ಕೆಲಸ ಕಡಿಮೆ, ಆರಂಭವೂ ಬೇಗ. ಆದರೆ ವಹಿವಾಟು ಹಠಾತ್ತನೆ ಏರಿದರೆ ಪರಿಶೀಲನೆಗೆಂದು ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಆದರೂ ಹೊಸದಾಗಿ ಆರಂಭಿಸುವವರಿಗೆ ಈ ಎರಡನೆಯದೇ ಸೂಕ್ತವೆಂದು ನನ್ನ ಅಭಿಪ್ರಾಯ. ಯಾವುದನ್ನು ಆರಿಸಿದರೂ ಅರ್ಜಿಯಲ್ಲಿ ವ್ಯಾಪಾರದ ಸ್ವರೂಪವನ್ನು ಇದ್ದಂತೆಯೇ ಬರೆಯಿರಿ.

ಶುಲ್ಕದಲ್ಲಿ ಮೂರು ಪಾಲುಗಳಿರುತ್ತವೆ: ಕಾರ್ಡ್ ಕೊಟ್ಟ ಬ್ಯಾಂಕಿಗೆ ಸೇರುವ ಇಂಟರ್‌ಚೇಂಜ್, ಜಾಲದ ಶುಲ್ಕ, ಸೇವಾ ಸಂಸ್ಥೆಯ ಲಾಭ. ಸಣ್ಣ ವ್ಯಾಪಾರಿ ಚೌಕಾಸಿ ಮಾಡಬಹುದಾದದ್ದು ಕೊನೆಯದನ್ನು ಮಾತ್ರ. ಶೇಕಡಾವಾರು ದರವೊಂದನ್ನೇ ನೋಡದೆ ಯಂತ್ರದ ಬಾಡಿಗೆ, ಮಾಸಿಕ ಕನಿಷ್ಠ ಶುಲ್ಕ ಮತ್ತು ಅವಧಿಗೆ ಮುನ್ನ ಒಪ್ಪಂದ ಮುರಿದರೆ ಕಟ್ಟಬೇಕಾದ ಮೊತ್ತವನ್ನೂ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಗ್ರಾಹಕರಿಗೆ ಹಣ ಮರಳಿಸಿದಾಗ ಮೊದಲು ಕಡಿತವಾದ ಶುಲ್ಕ ನಿಮಗೆ ಹಿಂದಿರುಗುತ್ತದೆಯೇ ಎಂಬುದನ್ನು ಬಹುತೇಕರು ಕೇಳುವುದೇ ಇಲ್ಲ.

ಸುರಕ್ಷತೆಯ ವಿಷಯದಲ್ಲಿ ರಾಜಿ ಸಲ್ಲದು. 2004ರಲ್ಲಿ ಮೊದಲು ಪ್ರಕಟವಾದ ಪಿಸಿಐ ಡಿಎಸ್‌ಎಸ್ ಎಂಬ ಕಾರ್ಡ್ ಮಾಹಿತಿಯ ಸುರಕ್ಷತಾ ನಿಯಮಗಳು ಕಾರ್ಡ್ ಸ್ವೀಕರಿಸುವ ಅತಿ ಸಣ್ಣ ವ್ಯಾಪಾರಿಗೂ ಅನ್ವಯಿಸುತ್ತವೆ. ಕಾರ್ಡ್ ಸಂಖ್ಯೆಯನ್ನು ಲೆಕ್ಕದ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವುದು, ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಳ್ಳುವುದು ಬೇಡ. ಪಾವತಿಗೆ ಒಪ್ಪಿಗೆ ದೊರೆತ ನಂತರ ಸಿವಿವಿಯನ್ನು (ಕಾರ್ಡಿನ ಮೇಲೆ ಮುದ್ರಿತವಾದ ಗುಪ್ತ ಭದ್ರತಾ ಸಂಖ್ಯೆಯನ್ನು) ಯಾವ ರೂಪದಲ್ಲೂ ಉಳಿಸಿಕೊಳ್ಳುವಂತಿಲ್ಲ. ಆನ್‌ಲೈನ್ ಮಾರಾಟವಿದ್ದರೆ ಗ್ರಾಹಕರನ್ನು ಸೇವಾ ಸಂಸ್ಥೆಯ ಪಾವತಿ ಪುಟಕ್ಕೇ ಕಳುಹಿಸಿ. ಆಗ ಕಾರ್ಡ್ ವಿವರ ನಿಮ್ಮ ಸರ್ವರ್ ಅನ್ನು ಮುಟ್ಟುವುದೇ ಇಲ್ಲ, ನಿಯಮಪಾಲನೆಯ ಹೊರೆಯೂ ಬಹಳ ಇಳಿಯುತ್ತದೆ. ಅಂಗಡಿಯಲ್ಲಾದರೆ ಚಿಪ್ ಓದುವ ಯಂತ್ರವೇ ಇರಲಿ.

ಗ್ರಾಹಕರು ತಮ್ಮ ಬ್ಯಾಂಕಿಗೆ ದೂರು ಕೊಟ್ಟು ಹಣವನ್ನು ಹಿಂದಕ್ಕೆ ಪಡೆಯುವ ಚಾರ್ಜ್‌ಬ್ಯಾಕ್ ಮಾರಾಟವಾಗಿ ತಿಂಗಳುಗಳು ಕಳೆದ ಮೇಲೂ ಬರಬಹುದು. ಇದಕ್ಕೆ ಕಾರಣ ಯಾವಾಗಲೂ ಮೋಸವಲ್ಲ. ಅಂಗಡಿಯ ಫಲಕದಲ್ಲಿ ಒಂದು ಹೆಸರು, ಕಾರ್ಡ್ ಸ್ಟೇಟ್‌ಮೆಂಟಿನಲ್ಲಿ ನೋಂದಾಯಿತ ಸಂಸ್ಥೆಯ ಇನ್ನೊಂದು ಹೆಸರು ಇದ್ದರೆ, ತಾವು ಖರೀದಿಸಿದ್ದನ್ನೇ ಗುರುತಿಸಲಾಗದೆ ಗ್ರಾಹಕರು ದೂರು ಕೊಡುತ್ತಾರೆ. ಆದ್ದರಿಂದ ಸ್ಟೇಟ್‌ಮೆಂಟಿನಲ್ಲಿ ಜನರಿಗೆ ಪರಿಚಿತವಾದ ಹೆಸರೇ ಮೂಡುವಂತೆ ಮೊದಲೇ ಹೇಳಿ ಮಾಡಿಸಿಕೊಳ್ಳಿ. ರಸೀದಿ ಮತ್ತು ವಸ್ತು ತಲುಪಿಸಿದ ದಾಖಲೆಗಳನ್ನು ಜೋಪಾನವಾಗಿಡಿ, ಏಕೆಂದರೆ ಉತ್ತರಿಸಲು ಸಿಗುವ ಕಾಲಾವಕಾಶ ಕಡಿಮೆ.

ವ್ಯವಸ್ಥೆಯನ್ನು ಎಲ್ಲರ ಬಳಕೆಗೆ ತೆರೆಯುವ ಮೊದಲು ಪರಿಚಿತ ಗ್ರಾಹಕರೊಬ್ಬರಿಂದ ಸಣ್ಣ ಖರೀದಿಯೊಂದನ್ನು ಮಾಡಿಸಿ, ರಸೀದಿಯನ್ನೂ ಅವರ ಸ್ಟೇಟ್‌ಮೆಂಟಿನಲ್ಲಿ ಬಂದ ಹೆಸರನ್ನೂ ನೋಡಿ, ಹಣ ಮರಳಿಸುವ ಕ್ರಮವನ್ನೂ ಒಮ್ಮೆ ಪರೀಕ್ಷಿಸಿ. ಮೊದಲ ತಿಂಗಳು ಪ್ರತಿದಿನವೂ ಸೆಟಲ್‌ಮೆಂಟ್ ವರದಿಯ ಒಟ್ಟು ಮಾರಾಟದಿಂದ ಶುಲ್ಕವನ್ನು ಕಳೆದು, ಉಳಿದ ಮೊತ್ತವು ಬ್ಯಾಂಕಿನ ಜಮೆಗೆ ತಾಳೆಯಾಗುತ್ತದೆಯೇ ಎಂದು ನೋಡಿ. ವ್ಯತ್ಯಾಸ ಕಂಡರೆ ಅದೇ ದಿನ ಲಿಖಿತವಾಗಿ ವಿಚಾರಿಸಿ.